ತೆರೆಯ ಮೇಲಣ ಬಂದೂಕಿನಾಟಗಳು: ಬಾಲಕರ ವಿಷಯದಲ್ಲಿ ಗುಣದೋಷವಿಚಾರ

ಬಾಲಕರು ಆಯುಧಗಳ ಆಟವನ್ನಾಡುವುದು ಹೊಸ ಸಂಗತಿಯೇನೂ ಅಲ್ಲ. ಬಿದಿರಿನ ಬಿಲ್ಲು, ಕವಣೆ, ಮರದ ಕತ್ತಿ, ದೀಪಾವಳಿಯ ಪಟಾಕಿ ಪಿಸ್ತೂಲು ಇವೆಲ್ಲವೂ ಕನ್ನಡನಾಡಿನ ಬೀದಿಗಳಲ್ಲಿ ಚಿರಪರಿಚಿತವಾದುವು. ಆದರೆ ಕಳೆದ ಮೂರು ದಶಕಗಳಲ್ಲಿ ಈ ಆಟವು ಬೀದಿಯನ್ನು ಬಿಟ್ಟು ತೆರೆಯನ್ನು ಸೇರಿ, ಮೊದಲು ಕಂಪ್ಯೂಟರಿನಲ್ಲಿಯೂ ಅನಂತರ ಮೊಬೈಲು ಫೋನಿನಲ್ಲಿಯೂ ನೆಲೆಗೊಂಡು, ತಾಯಿತಂದೆಗಳ ಕಣ್ಣಿಗೆ ಬೀಳದೆ ನಡೆಯುವಂತಾಗಿದೆ. ಇದರಿಂದ ಮಕ್ಕಳ ಮನಸ್ಸು ಕ್ರೂರವಾಗುವುದೆಂದು ಕೆಲವರೂ, ದೃಷ್ಟಿಯೂ ಬುದ್ಧಿಯೂ ಚುರುಕಾಗುವುವೆಂದು ಮತ್ತೆ ಕೆಲವರೂ ವಾದಿಸುತ್ತಾರೆ. ಉಭಯಪಕ್ಷದವರೂ ವಿದ್ವಾಂಸರ ಪರಿಶೋಧನೆಗಳನ್ನೇ ಆಧಾರವಾಗಿ ತೋರಿಸುವುದರಿಂದ ಗೃಹಸ್ಥರಿಗೆ ಯಾವುದನ್ನು ನಂಬಬೇಕೆಂಬುದು ತಿಳಿಯದಾಗಿದೆ. ಆದಕಾರಣ ಆ ಆಧಾರಗಳು ಎಷ್ಟರಮಟ್ಟಿಗೆ ನಿಲ್ಲತಕ್ಕವು, ಅವುಗಳಿಂದ ಏನು ಸಿದ್ಧವಾಗುವುದು, ಏನು ಸಿದ್ಧವಾಗಲಾರದು ಎಂಬುದನ್ನು ಇಲ್ಲಿ ಕ್ರಮವಾಗಿ ವಿಚಾರಿಸಲಾಗಿದೆ.

೧. ವಿಷಯನಿರೂಪಣೆ

ತೆರೆಯಲ್ಲಿ ತೋರುವ ಬಂದೂಕನ್ನು ಆಡುವವನು ತನ್ನದೆಂದು ಭಾವಿಸಿ, ಗುರಿಯಿಟ್ಟು ಎದುರಾಳಿಗಳನ್ನು ಹೊಡೆಯುವುದು 'ಶೂಟರ್' ಎಂಬ ಆಟಗಳ ಸಾಮಾನ್ಯ ಲಕ್ಷಣವು. ಇವುಗಳಲ್ಲಿ ಎರಡು ಭೇದಗಳುಂಟು. ಆಡುವವನ ಕಣ್ಣಿನಿಂದಲೇ ರಂಗವನ್ನು ತೋರಿಸುವುವು ಒಂದು ಬಗೆ. ಆಡುವವನ ಪಾತ್ರವನ್ನು ಹಿಂದಿನಿಂದ ನೋಡುವಂತೆ ತೋರಿಸುವುವು ಇನ್ನೊಂದು ಬಗೆ. ಶಬ್ದಶಾಸ್ತ್ರದ ಪರಿಭಾಷೆಯಿಂದ ಹೇಳುವುದಾದರೆ ಮೊದಲನೆಯವು ಉತ್ತಮಪುರುಷದೃಷ್ಟಿಯವು, ಎರಡನೆಯವು ಪ್ರಥಮಪುರುಷದೃಷ್ಟಿಯವು. ೧೯೯೩ನೆಯ ಇಸವಿಯ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಹೊರಬಂದ 'ಡೂಮ್' ಎಂಬ ಆಟವು ಮೊದಲನೆಯ ಬಗೆಯನ್ನು ಲೋಕಪ್ರಸಿದ್ಧವಾಗಿ ಮಾಡಿತು. ೨೦೧೭ರಲ್ಲಿ 'ಪಬ್‌ಜಿ', 'ಫೋರ್ಟ್‌ನೈಟ್' ಎಂಬುವು ಬಂದು, ನೂರು ಮಂದಿ ಒಂದೇ ರಂಗದಲ್ಲಿಳಿದು ಕೊನೆಗೆ ಉಳಿದವನೇ ಗೆದ್ದವನೆಂಬ ಪದ್ಧತಿಯನ್ನು ಎಲ್ಲೆಡೆಯಲ್ಲಿಯೂ ಹರಡಿದುವು.

ಈ ಜಾತಿಯ ಆಟಗಳೆಲ್ಲವೂ ಒಂದೇ ತೂಕದವಲ್ಲವೆಂಬುದನ್ನು ಮೊದಲೇ ಗಮನಿಸತಕ್ಕದ್ದು. 'ಸ್ಪ್ಲಟೂನ್' ಎಂಬುದರಲ್ಲಿ ಬಂದೂಕಿನಿಂದ ಹೊರಡುವುದು ಬಣ್ಣದ ಮಸಿ. 'ಕಾಲ್ ಆಫ್ ಡ್ಯೂಟಿ' ಎಂಬ ಮಾಲೆಯಲ್ಲಿ ಕಾಣುವುದು ಯುದ್ಧದ ರಕ್ತಪಾತ. ಅಮೆರಿಕದಲ್ಲಿ ೧೯೯೪ರಲ್ಲಿ ಸ್ಥಾಪಿತವಾದ ವರ್ಗೀಕರಣಮಂಡಲಿಯು ಮೊದಲನೆಯದನ್ನು ೧೦ ವರ್ಷ ತುಂಬಿದವರಿಗೂ, ಎರಡನೆಯ ಮಾಲೆಯ ಬಹುಭಾಗವನ್ನು ೧೭ ವರ್ಷ ತುಂಬಿದವರಿಗೂ ತಕ್ಕುದೆಂದು ಗುರುತಿಸಿದೆ. ಹೀಗಿರಲು 'ಬಂದೂಕಿನಾಟ' ಎಂಬ ಒಂದೇ ಹೆಸರಿನಿಂದ ಎಲ್ಲವನ್ನೂ ನಿಂದಿಸುವುದಾಗಲಿ ಹೊಗಳುವುದಾಗಲಿ ಯುಕ್ತವಲ್ಲ.

೨. ದೋಷಪಕ್ಷದ ಪರೀಕ್ಷೆ

ಈ ಆಟಗಳಿಂದ ಮಕ್ಕಳು ಕೊಲೆಗಡುಕರಾಗುವರೆಂಬುದು ದೋಷವಾದಿಗಳ ಮುಖ್ಯವಾದ ಭೀತಿ. ೧೯೯೯ರಲ್ಲಿ ಅಮೆರಿಕದ ಕೊಲಂಬೈನ್ ಪಾಠಶಾಲೆಯಲ್ಲಿ ಸಹಪಾಠಿಗಳನ್ನು ಗುಂಡಿಟ್ಟು ಕೊಂದ ಇಬ್ಬರು ವಿದ್ಯಾರ್ಥಿಗಳು 'ಡೂಮ್' ಆಟವನ್ನು ಆಡುತ್ತಿದ್ದರೆಂಬುದು ತಿಳಿದುಬಂದ ಮೇಲೆ ಈ ಭೀತಿಯು ಬಲವಾಯಿತು. ಆದರೆ ಒಂದನ್ನು ಇನ್ನೊಂದಕ್ಕೆ ಕಾರಣವೆನ್ನಬೇಕಾದರೆ ಅನ್ವಯವೂ ವ್ಯತಿರೇಕವೂ ಕೂಡಿಬರಬೇಕು. ಕಾರಣವಿದ್ದಲ್ಲಿ ಕಾರ್ಯವು ಕಾಣಬೇಕು, ಇಲ್ಲದಲ್ಲಿ ಕಾಣಬಾರದು. ಕೋಟ್ಯಂತರ ಬಾಲಕರು ಇಂತಹ ಆಟಗಳನ್ನಾಡಿಯೂ ಯಾರನ್ನೂ ಕೊಲ್ಲದಿರುವರು. ಇವುಗಳನ್ನು ಬಹಳವಾಗಿ ಆಡುವ ದಕ್ಷಿಣ ಕೊರಿಯಾ ದೇಶದಲ್ಲಿ ಬಂದೂಕಿನ ಕೊಲೆಯು ಅತಿವಿರಳವಾಗಿದೆ. ಅಲ್ಲದೆ, ಈ ಆಟಗಳು ಹುಟ್ಟುವುದಕ್ಕೆ ಮುಂಚೆಯೂ ಕೊಲೆಗಳು ನಡೆದಿವೆ. ಹೀಗೆ ವ್ಯಭಿಚಾರವು ಎರಡು ಕಡೆಯಲ್ಲಿಯೂ ಕಾಣುವುದರಿಂದ ಆಟವೇ ಕೊಲೆಗೆ ಕಾರಣವೆಂಬ ವಾದವು ಕಾಕತಾಲೀಯವೆಂಬುದಕ್ಕಿಂತ ಮೇಲೇರಲಾರದು.

ಇಷ್ಟರಿಂದಲೇ ದೋಷಪಕ್ಷವು ಪೂರ್ತಿಯಾಗಿ ಬಿದ್ದುಹೋಯಿತೆಂದು ಹೇಳಲಾಗದು. ಕೊಲೆ ಬೇರೆ, ಕೋಪದ ನಡವಳಿಕೆ ಬೇರೆ. ೨೦೧೮ರಲ್ಲಿ ಪ್ರೆಸ್ಕಾಟ್, ಸಾರ್ಜೆಂಟ್, ಹಲ್ ಎಂಬವರು ಹದಿನೇಳು ಸಾವಿರಕ್ಕೆ ಮೇಲ್ಪಟ್ಟ ಬಾಲಕರನ್ನೂ ತರುಣರನ್ನೂ ಕಾಲಾಂತರದಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದ ೨೪ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಹಿಂಸಾಮಯವಾದ ಆಟಗಳಿಗೂ ಮುಂದೆ ಕಂಡುಬಂದ ಹೊಡೆದಾಟದ ಸ್ವಭಾವಕ್ಕೂ ಸಂಬಂಧವುಂಟೆಂದೂ, ಆದರೆ ಅದು ಅಲ್ಪವೆಂದೂ ಅವರಿಗೆ ತೋರಿತು. ಮಾರನೆಯ ವರ್ಷವೇ ಪ್ರಿಝಿಬಿಲ್ಸ್ಕಿ, ವೈನ್‌ಸ್ಟೈನ್ ಎಂಬವರು ೧೪-೧೫ ವರ್ಷದ ೧೦೦೪ ಮಂದಿ ಬ್ರಿಟಿಷ್ ಬಾಲಕಬಾಲಿಕೆಯರನ್ನೂ ಅವರ ಪೋಷಕರನ್ನೂ ವಿಚಾರಿಸಿ, ಅಂತಹ ಸಂಬಂಧವು ಕಾಣಲಿಲ್ಲವೆಂದು ಪ್ರಕಟಿಸಿದರು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು ೨೦೨೦ರಲ್ಲಿ ತಿದ್ದಿದ ತನ್ನ ನಿರ್ಣಯದಲ್ಲಿ, ಕೂಗಾಟ ನೂಕಾಟಗಳಂತಹ ವರ್ತನೆಗೆ ಅಲ್ಪವಾದ ಸಂಬಂಧವುಂಟೆಂದು ಒಪ್ಪಿ, ಘೋರಕೃತ್ಯಗಳಿಗೆ ಈ ಆಟಗಳನ್ನು ಕಾರಣವೆನ್ನುವುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಹೇಳಿದೆ. ವಿದ್ವಾಂಸರ ವಿವಾದವು ಹೀಗೆ 'ಅಲ್ಪ' ಎಂಬುದಕ್ಕೂ 'ಇಲ್ಲ' ಎಂಬುದಕ್ಕೂ ನಡುವೆ ಇರುವುದೇ ಹೊರತು, ಲೋಕದಲ್ಲಿ ಭಾವಿಸಿರುವಂತೆ 'ಮಹತ್ತು' ಎಂಬುದಕ್ಕೂ 'ಇಲ್ಲ' ಎಂಬುದಕ್ಕೂ ನಡುವೆ ಇರುವುದಲ್ಲ.

ಚಿಕ್ಕ ಮಕ್ಕಳ ವಿಷಯದಲ್ಲಿ ಒಂದು ಪ್ರಯೋಗವು ವಿಶೇಷವಾಗಿ ಸ್ಮರಣೀಯವಾಗಿದೆ. ೨೦೧೯ರಲ್ಲಿ ಚಾಂಗ್, ಬುಶ್ಮನ್ ಎಂಬವರು ೮ರಿಂದ ೧೨ ವರ್ಷದ ಮಕ್ಕಳಲ್ಲಿ ಕೆಲವರಿಗೆ ಬಂದೂಕುಳ್ಳ ಆಟವನ್ನೂ, ಕೆಲವರಿಗೆ ಕತ್ತಿಯುಳ್ಳ ಆಟವನ್ನೂ, ಉಳಿದವರಿಗೆ ಹಿಂಸೆಯಿಲ್ಲದ ಆಟವನ್ನೂ ಕೊಟ್ಟು, ಅನಂತರ ನಿಷ್ಕ್ರಿಯಗೊಳಿಸಿದ ನಿಜವಾದ ಪಿಸ್ತೂಲುಗಳನ್ನು ಅಡಗಿಸಿಟ್ಟಿದ್ದ ಕೊಠಡಿಯಲ್ಲಿ ಬಿಟ್ಟರು. ಪಿಸ್ತೂಲನ್ನು ಕಂಡವರಲ್ಲಿ ಮೊದಲನೆಯ ಗುಂಪಿನ ೭೬ ಮಂದಿಯಲ್ಲಿ ೪೭ ಮಂದಿಯೂ, ಎರಡನೆಯ ಗುಂಪಿನ ೭೪ರಲ್ಲಿ ೪೨ ಮಂದಿಯೂ, ಮೂರನೆಯ ಗುಂಪಿನ ೭೦ರಲ್ಲಿ ೩೧ ಮಂದಿಯೂ ಅದನ್ನು ಮುಟ್ಟಿದರು. ಮನೆಯಲ್ಲಿ ಬಂದೂಕವು ಕೈಗೆಟಕುವ ದೇಶಗಳಿಗೆ ಇದು ಗಂಭೀರವಾದ ಎಚ್ಚರಿಕೆ. ಭಾರತದಲ್ಲಿ ಲೈಸೆನ್ಸುಳ್ಳ ಮನೆಗಳು ವಿರಳವಾಗಿದ್ದರೂ, ಕಾಫಿತೋಟ ಮುಂತಾದೆಡೆಗಳಲ್ಲಿ ಬಂದೂಕವಿಟ್ಟುಕೊಂಡಿರುವವರು ಇದನ್ನು ಮರೆಯಬಾರದು. ಆಟವನ್ನು ತಡೆಯುವುದಕ್ಕಿಂತ ಮೊದಲು ಬಂದೂಕಕ್ಕೆ ಬೀಗ ಹಾಕತಕ್ಕದ್ದು.

೩. ಗುಣಪಕ್ಷದ ಪರೀಕ್ಷೆ

ಗುಣವಾದಿಗಳ ಮುಖ್ಯಾಧಾರವು ೨೦೦೩ರಲ್ಲಿ ಗ್ರೀನ್, ಬವೆಲಿಯೆ ಎಂಬವರು ಪ್ರಕಟಿಸಿದ ಪರಿಶೋಧನೆ. ಇಂತಹ ಆಟಗಳ ಅಭ್ಯಾಸವಿಲ್ಲದವರಲ್ಲಿ ಕೆಲವರು ದಿನಕ್ಕೆ ಒಂದು ಗಂಟೆಯಂತೆ ಹತ್ತು ದಿನ ಬಂದೂಕಿನಾಟವನ್ನೂ, ಮತ್ತೆ ಕೆಲವರು ಅಷ್ಟೇ ಕಾಲ 'ಟೆಟ್ರಿಸ್' ಎಂಬ ಇಟ್ಟಿಗೆ ಜೋಡಿಸುವ ಆಟವನ್ನೂ ಆಡಿದರು. ಮೊದಲನೆಯವರಿಗೆ ಕಣ್ಣಂಚಿನ ವಸ್ತುಗಳನ್ನು ಗುರುತಿಸುವ ಶಕ್ತಿಯು ಹೆಚ್ಚಾಗಿ ವೃದ್ಧಿಯಾಯಿತು. ಇದು ಅನ್ವಯವ್ಯತಿರೇಕಗಳಿಂದ ಕೂಡಿದ ಪರೀಕ್ಷೆಯಾದುದರಿಂದ ಆದರಣೀಯವಾಗಿದೆ.

ಆದರೆ ಇದರ ವ್ಯಾಪ್ತಿಯನ್ನು ಮೀರಿ ಹೊಗಳುವುದು ಕೇವಲ ಅರ್ಥವಾದವಾಗುವುದು. ಮೊದಲನೆಯದಾಗಿ, ಆ ಪರೀಕ್ಷೆಗೆ ಒಳಪಟ್ಟವರು ತರುಣರು, ಬಾಲಕರಲ್ಲ. ಎರಡನೆಯದಾಗಿ, ವೃದ್ಧಿಯಾದ ಶಕ್ತಿ ಯಾವುದೆಂಬುದನ್ನು ನೋಡಬೇಕು. ದ್ರೋಣಾಚಾರ್ಯನು ಶಿಷ್ಯರನ್ನು ಪರೀಕ್ಷಿಸಿದ ಕಥೆಯಲ್ಲಿ ಅರ್ಜುನನಿಗೆ ಹಕ್ಕಿಯ ತಲೆಯ ಹೊರತು ಮತ್ತೇನೂ ಕಾಣದೆಹೋಯಿತು, ಅದು ಏಕಾಗ್ರತೆ. ತೆರೆಯ ಮೇಲಣ ಬಂದೂಕಿನಾಟವು ಬೆಳೆಸುವುದು ಇದಕ್ಕೆ ವಿಪರೀತವಾದುದನ್ನು, ಎಂದರೆ ಮರವನ್ನೂ ಕೊಂಬೆಯನ್ನೂ ಪಕ್ಕದಲ್ಲಿ ನಿಂತವರನ್ನೂ ಒಟ್ಟಿಗೆ ಕಾಣುವ ವ್ಯಾಪಕವಾದ ಎಚ್ಚರವನ್ನು. ವಾಹನವನ್ನು ನಡೆಸುವವನಿಗೆ ಇಂತಹ ಎಚ್ಚರವು ಬೇಕಾದುದೇ ಅಹುದು. ಒಂದು ಪುಟವನ್ನು ಸಾವಧಾನವಾಗಿ ಓದಿ ಮುಗಿಸುವ ಶಕ್ತಿಯು ಇದರಿಂದಲೇ ಬರುವುದೆಂದು ಊಹಿಸಲಾಗದು.

ಮೂರನೆಯದಾಗಿ, ಮಕ್ಕಳಿಗೆ ಬರುವ ಗುಣಕ್ಕೆ ರಕ್ತಪಾತವು ಅವಶ್ಯಕವೇ ಎಂಬ ಪ್ರಶ್ನೆಯುಂಟು. ಇಟಲಿಯಲ್ಲಿ ಓದಿನ ತೊಡಕುಳ್ಳ ೨೦ ಮಕ್ಕಳ ಮೇಲೆ ನಡೆದು ೨೦೧೩ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ, ೧೨ ಗಂಟೆಗಳ ಕಾಲ ವೇಗವಾದ ಆಟವನ್ನಾಡಿದವರ ಓದು ಸುಧಾರಿಸಿತು. ಅವರು ಆಡಿದುದು ಮೊಲಗಳ ಹಾಸ್ಯದ ಆಟವೇ ಹೊರತು ಕೊಲೆಯ ಆಟವಲ್ಲ. ಪರೀಕ್ಷಿತರ ಸಂಖ್ಯೆಯು ಅಲ್ಪವಾದರೂ, ಗುಣವು ವೇಗದಿಂದ ಬರುವುದು, ಹಿಂಸೆಯಿಂದಲ್ಲ ಎಂಬ ಸೂಚನೆ ಇಲ್ಲಿ ದೊರೆಯುವುದು. ಗೆಳೆಯರೊಡನೆ ಕೂಡಿ ಆಡುವುದರಿಂದ ಬರುವ ಸ್ನೇಹವೂ ಸಂತೋಷವೂ ಗುಣಗಳೇ; ೨೦೨೦ರಲ್ಲಿ ಪಾಠಶಾಲೆಗಳು ಮುಚ್ಚಿದ್ದಾಗ ಇದು ಅನೇಕರ ಅನುಭವಕ್ಕೆ ಬಂದಿತು. ಆದರೆ ಅದು ಬಂದೂಕಿನಾಟಕ್ಕೇ ಮೀಸಲಾದ ಗುಣವಲ್ಲ.

೪. ಕಣ್ಣಿಗೆ ಬೀಳದ ಅಪಾಯಗಳು

ಉಭಯಪಕ್ಷದವರೂ ಬಂದೂಕವನ್ನೇ ನೋಡುತ್ತಿರುವುದರಿಂದ ಅದರ ಸುತ್ತಲಿರುವ ನಾಲ್ಕು ವಸ್ತುಗಳು ಮರೆಯಾಗಿವೆ. ಅವು ಯಾವುವೆಂದರೆ ಕಾಲ, ನಿದ್ರೆ, ಸಂಗ, ಹಣ.

ವಿಶ್ವ ಆರೋಗ್ಯ ಸಂಸ್ಥೆಯು 'ಆಟದ ವ್ಯಸನ'ವನ್ನು ತನ್ನ ರೋಗವರ್ಗೀಕರಣದಲ್ಲಿ ಸೇರಿಸಿದೆ. ಅದು ೨೦೨೨ರ ಜನವರಿಯಿಂದ ಜಾರಿಗೆ ಬಂದಿತು. ಆಟದ ಮೇಲೆ ಹತೋಟಿ ತಪ್ಪುವುದು, ಇತರ ಕಾರ್ಯಗಳಿಗಿಂತ ಆಟವೇ ಮುಖ್ಯವಾಗುವುದು, ಕೇಡಾಗುತ್ತಿದ್ದರೂ ಬಿಡಲಾಗದಿರುವುದು, ಈ ಮೂರು ಲಕ್ಷಣಗಳು ಸಾಮಾನ್ಯವಾಗಿ ೧೨ ತಿಂಗಳು ತೋರಿದರೆ ಅದನ್ನು ವ್ಯಸನವೆನ್ನುವರು. ಬಹಳವಾಗಿ ಆಡುವವರೆಲ್ಲರೂ ವ್ಯಸನಿಗಳಲ್ಲ. ಆದರೆ ವ್ಯಸನವಿಲ್ಲದವನಿಗೂ ನಿದ್ರೆಯು ಕೆಡಬಹುದು. ೬ರಿಂದ ೧೨ ವರ್ಷದವರಿಗೆ ೯ರಿಂದ ೧೨ ಗಂಟೆಗಳ, ೧೩ರಿಂದ ೧೮ ವರ್ಷದವರಿಗೆ ೮ರಿಂದ ೧೦ ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳಿರುವರು. ಪಂದ್ಯದ ನಡುವೆ ಎದ್ದರೆ ಜೊತೆಗಾರರನ್ನು ಕೈಬಿಟ್ಟಂತಾಗುವುದರಿಂದ ಬಾಲಕನು ಕರೆದಾಗ ಏಳನು. ತಂದೆಯು ಅದನ್ನು ಉದ್ಧಟತನವೆಂದು ತಿಳಿಯುವನು. ಅನೇಕ ಮನೆಗಳ ಜಗಳದ ಮೂಲವಿದು.

ಸಂಗದ ಮತ್ತು ಹಣದ ಅಪಾಯಗಳು ಸರಕಾರಗಳ ದಾಖಲೆಗೇ ಬಂದಿವೆ. ೨೦೨೨ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನು 'ಫೋರ್ಟ್‌ನೈಟ್' ಆಟದ ಒಡೆಯರಾದ ಎಪಿಕ್ ಗೇಮ್ಸ್ ಕಂಪನಿಯ ಮೇಲೆ ಎರಡು ಆರೋಪಗಳನ್ನು ತಂದಿತು. ತಾಯಿತಂದೆಗಳ ಒಪ್ಪಿಗೆಯಿಲ್ಲದೆ ಮಕ್ಕಳ ವಿವರಗಳನ್ನು ಸಂಗ್ರಹಿಸಿ, ಅಪರಿಚಿತರೊಡನೆ ಅವರ ಮಾತುಕತೆಗೆ ಮೊದಲಿನಿಂದಲೇ ದಾರಿ ತೆರೆದಿಟ್ಟಿತೆಂಬುದು ಒಂದು. ಗುಂಡಿಗಳನ್ನು ಮೋಸವಾಗುವಂತೆ ಜೋಡಿಸಿ, ಬೇಡದ ವಸ್ತುಗಳನ್ನು ಕೊಳ್ಳಿಸಿತೆಂಬುದು ಇನ್ನೊಂದು. ಮೊದಲನೆಯದಕ್ಕೆ ೨೭.೫ ಕೋಟಿ ಡಾಲರುಗಳನ್ನೂ ಎರಡನೆಯದಕ್ಕೆ ೨೪.೫ ಕೋಟಿ ಡಾಲರುಗಳನ್ನೂ ತೆರಲು ಕಂಪನಿಯು ಒಪ್ಪಿತು. ಹಣ ಕೊಟ್ಟು ಒಳಗೇನಿದೆಯೆಂದು ತಿಳಿಯದೆ ತೆರೆಯುವ ಪೆಟ್ಟಿಗೆಗಳನ್ನು ೨೦೧೮ರಲ್ಲಿಯೇ ಬೆಲ್ಜಿಯಂ ದೇಶವು ಜೂಜೆಂದು ಪರಿಗಣಿಸಿತು.

ಭಾರತದ ಕಾನೂನುಗಳು ಈ ಪ್ರಶ್ನೆಯನ್ನು ಪೂರ್ತಿಯಾಗಿ ಬಿಡಿಸಿಲ್ಲ. ೨೦೨೦ರ ಸೆಪ್ಟೆಂಬರಿನಲ್ಲಿ 'ಪಬ್‌ಜಿ ಮೊಬೈಲ್' ನಿಷಿದ್ಧವಾದುದು ದೇಶದ ಭದ್ರತೆಯ ಕಾರಣದಿಂದಲೇ ಹೊರತು ಮಕ್ಕಳ ಹಿತಕ್ಕಾಗಿ ಅಲ್ಲ. ೨೦೨೧ರಲ್ಲಿ ಅದೇ ಬಗೆಯ ಆಟವು ಬೇರೆ ಹೆಸರಿನಿಂದ ಮರಳಿ ಬಂದಿತು. ೨೦೨೫ರ ಆಗಸ್ಟಿನ ಶಾಸನವು ಪಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಪಣವಿಲ್ಲದ ಬಂದೂಕಿನಾಟವು ಆ ನಿಷೇಧಕ್ಕೆ ಒಳಪಡದು. ಆದುದರಿಂದ ಭಾರವು ಗೃಹಸ್ಥರ ಮೇಲೆಯೇ ಉಳಿದಿದೆ.

೫. ನಿರ್ಣಯ

ಒಂದೇ ಔಷಧವು ವಯಸ್ಸನ್ನೂ ಪ್ರಮಾಣವನ್ನೂ ಅನುಸರಿಸಿ ಹಿತವೋ ಅಹಿತವೋ ಆಗುವಂತೆ, ಇಲ್ಲಿಯೂ ಅಧಿಕಾರಿಭೇದದಿಂದಲೇ ನಿರ್ಣಯವನ್ನು ಮಾಡಬೇಕು. ಹನ್ನೆರಡು ವರ್ಷದೊಳಗಿನವರಿಗೆ ಮನುಷ್ಯರನ್ನು ಕೊಲ್ಲುವ ಆಟವು ಬೇಡ. ಅದರಿಂದ ಬರಬಹುದಾದ ಗುಣವು ಬೇರೆ ಆಟಗಳಿಂದಲೂ ಲಭಿಸುವುದು. ಅದಕ್ಕೆ ಮೇಲ್ಪಟ್ಟವರಿಗೆ ವಯೋವರ್ಗದ ಗುರುತನ್ನು ನೋಡಿ ಕೊಡಬಹುದು. ಆಟವು ನಡುಮನೆಯಲ್ಲಿ ನಡೆಯಲಿ, ಮಲಗುವ ಕೋಣೆಯಲ್ಲಿ ಬೇಡ. ಮಿತಿಯನ್ನು ನಿಮಿಷಗಳಿಂದ ಎಣಿಸದೆ ಪಂದ್ಯಗಳಿಂದ ಎಣಿಸಿದರೆ ಜಗಳವು ತಗ್ಗುವುದು. ಅಪರಿಚಿತರ ಧ್ವನಿಯನ್ನು ಮುಚ್ಚಿಡತಕ್ಕದ್ದು. ಹಣದ ಗುಪ್ತಸಂಖ್ಯೆಯು ಬಾಲಕನಿಗೆ ತಿಳಿದಿರಬಾರದು.

ಇವೆಲ್ಲಕ್ಕಿಂತಲೂ ಮುಖ್ಯವಾದುದು ಇನ್ನೊಂದುಂಟು. ಮಗನು ಕೊಲೆಗಾರನಾಗುವನೆಂಬ ಆಧಾರವಿಲ್ಲದ ಭೀತಿಯಿಂದ ತಂದೆಯು ಆಟವನ್ನು ಸರ್ವಥಾ ನಿಷೇಧಿಸಿದರೆ, ಬಾಲಕನು ಅದನ್ನು ಗೆಳೆಯನ ಫೋನಿನಲ್ಲಿ ಗುಟ್ಟಾಗಿ ಆಡುವನು. ಆಗ ಅಪರಿಚಿತನೊಬ್ಬನು ಅವನನ್ನು ಬೆದರಿಸಿದರೂ, ಹಣ ಕೇಳಿದರೂ, ಆ ಸಂಗತಿಯನ್ನು ಮನೆಯಲ್ಲಿ ಹೇಳಲಾರನು. ಹೇಳಿದರೆ ಆಡಿದ ತಪ್ಪು ಮೊದಲು ಹೊರಬೀಳುವುದು. ದೂರದ ಅಪಾಯಕ್ಕೆ ಹೆದರಿ ಹತ್ತಿರದ ಅಪಾಯಕ್ಕೆ ಬಾಗಿಲು ತೆರೆದಂತೆ ಇದಾಗುವುದು. ಬಾಲಕನು ತೆರೆಯಲ್ಲಿ ಕಂಡುದನ್ನು ನಿರ್ಭಯವಾಗಿ ಬಂದು ಹೇಳಬಲ್ಲ ಮನೆಯಲ್ಲಿ ಈ ಆಟಗಳ ದೋಷವು ಬಹುಮಟ್ಟಿಗೆ ಹತೋಟಿಯಲ್ಲಿರುವುದು; ಹೇಳಲಾರದ ಮನೆಯಲ್ಲಿ ನಿಷೇಧವೂ ಅವನನ್ನು ರಕ್ಷಿಸಲಾರದು.