ಎಲ್ಲಿ ಆಗತೈತಿ, ತೋರಸ್ರಿ

"ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗೈತ್ರಿ." "ಎದಿ ಮ್ಯಾಲ ಕಲ್ಲ ಹೇರಿದಂಗ ಅನಸ್ತೈತಿ." "ಕೈಕಾಲಾಗಿನ ಜೀವಾನ ಹೋದಂಗ ಆತು ನೋಡ್ರಿ." ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಯಾವ ಆಸ್ಪತ್ರೆಯ ಚೀಟಿ ಸಾಲಿನಲ್ಲಿ ನಿಂತರೂ ಇಂಥ ಮಾತು ಕಿವಿಗೆ ಬೀಳುತ್ತವೆ. ದುಃಖ, ಭಯ, ಚಿಂತೆ ಎಂಬ ಪದಗಳು ಇಲ್ಲಿನವರಿಗೆ ಗೊತ್ತಿಲ್ಲವೆಂದಲ್ಲ. ಆದರೆ ಮನಸ್ಸಿನ ಸಂಕಟ ಹೇಳಲು ಹೊರಟಾಗ ನಾಲಿಗೆಗೆ ಮೊದಲು ಬರುವುದು ಹೊಟ್ಟೆ, ಎದೆ, ಕರುಳು. ನೆರೆಮನೆಯವರ ಏಳ್ಗೆ ಕಂಡರೆ ಆಗುವುದು ಹೊಟ್ಟೆಕಿಚ್ಚು. ಮಗಳನ್ನು ಗಂಡನ ಮನೆಗೆ ಕಳಿಸಿದ ದಿನ ಚುರ್ ಅನ್ನುವುದು ಕರುಳು. ಧೈರ್ಯಕ್ಕೂ ಕನ್ನಡ ಇಟ್ಟ ಹೆಸರು ಎದೆಗಾರಿಕೆ.

ಈ ಮಾತುಗಳನ್ನು ಬರೀ ಅಲಂಕಾರ ಎಂದು ತಳ್ಳಿಹಾಕಬಾರದು. ಮನಸ್ಸಿನ ಚಿಕಿತ್ಸೆಯಲ್ಲಿ ಕಳೆದ ಅರ್ಧ ಶತಮಾನದಿಂದ ಬೆಳೆದ ಒಂದು ದಾರಿ ಇಂಥ ಮಾತಿನಿಂದಲೇ ಶುರುವಾಗುತ್ತದೆ. ಮೈಯೊಳಗೆ ಏನಾಗುತ್ತಿದೆ ಎಂದು ನಿಧಾನವಾಗಿ ಗಮನಿಸುವುದು, ಅದಕ್ಕೆ ಒಪ್ಪುವ ಮಾತು ಹುಡುಕುವುದು, ಸಿಕ್ಕ ಮಾತಿನ ಜೊತೆ ಸ್ವಲ್ಪ ಹೊತ್ತು ಕೂಡುವುದು. ಕೇಳಲು ಸುಲಭ. ಮಾಡಲು ಬೇಕಾದದ್ದು ಪುರಸೊತ್ತು ಮತ್ತು ಪಕ್ಕದಲ್ಲಿ ಅವಸರ ಮಾಡದ ಒಬ್ಬರು.

ಆಸ್ಪತ್ರೆಗಳಲ್ಲಿ ಕೊರತೆ ಇರುವುದು ಇವಕ್ಕೇ. ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನ ವೈದ್ಯರ 74 ಭೇಟಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿತು. ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ವೈದ್ಯರು ಅಡ್ಡಬಾಯಿ ಹಾಕುತ್ತಿದ್ದರು. ನೂರಾರು ಮಂದಿ ಹೊರಗೆ ಕಾದಿರುವ ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಅಷ್ಟು ಸಿಕ್ಕರೂ ದೊಡ್ಡದು. "ಎದಿ ಮ್ಯಾಲ ಕಲ್ಲು" ಎಂದವರಿಗೆ ಇಸಿಜಿ, "ಹೊಟ್ಟ್ಯಾಗ ಬೆಂಕಿ" ಎಂದವರಿಗೆ ಆಸಿಡಿಟಿ ಗುಳಿಗೆ. ಅವೂ ಬೇಕು, ಅದರ ಮಾತು ಮುಂದೆ ಬರುತ್ತದೆ. ಆದರೆ ಇಸಿಜಿ ಸರಿಯಿದೆ ಎಂದ ಮೇಲೂ ಕಲ್ಲು ಕದಲದಿದ್ದರೆ?

ಜನ ಮೈಯ ಭಾಷೆಯಲ್ಲಿ ಮಾತಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯ ಆರ್. ರಘುರಾಂ ಮತ್ತು ಸಂಗಡಿಗರು 80 ರೋಗಿಗಳನ್ನು ಮಾತಾಡಿಸಿ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಿನ್ನತೆಯ ಲಕ್ಷಣ ಹೆಚ್ಚಿದ್ದವರಲ್ಲಿ ನಾಚಿಕೆ, ಕಳಂಕದ ಭಾವವೂ ಹೆಚ್ಚಿತ್ತು. ಮೈನೋವಿನ ಲಕ್ಷಣ ಹೆಚ್ಚಿದ್ದವರಲ್ಲಿ ಅದು ಕಡಿಮೆ. ತಲೆನೋವು ಎಲ್ಲರಿಗೂ ಬರುವಂಥದ್ದು, ಅದನ್ನು ಹೇಳಿಕೊಂಡರೆ ಮಗಳ ಮದುವೆ ಮುರಿಯುವುದಿಲ್ಲ. ಮನಸ್ಸು ಸರಿಯಿಲ್ಲ ಎಂದರೆ ಓಣಿಯೆಲ್ಲ ಮಾತಾಗುತ್ತದೆ. ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು, ಇಂದು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆ. ಕಿತ್ತೂರಿನಿಂದ ಹೆದ್ದಾರಿ ಹಿಡಿದರೆ ದೂರವೂ ಅಲ್ಲ. ಆದರೂ "ಧಾರವಾಡಕ್ಕ ತೋರಸಾಕ ಹೋಗಿದ್ವಿ" ಎನ್ನಲು ಜನ ಇಂದಿಗೂ ಹಿಂಜರಿಯುತ್ತಾರೆ. ಕಿತ್ತೂರ ಚೆನ್ನಮ್ಮನ, ಸಂಗೊಳ್ಳಿ ರಾಯಣ್ಣನ ನೆಲದಲ್ಲಿ ಗಂಡಸರಿಗಂತೂ ಇನ್ನೂ ಕಷ್ಟ. ಎದೆಗಾರ ಅನ್ನಿಸಿಕೊಳ್ಳಬೇಕಾದವನು ಎದೆ ನಡುಗುತ್ತದೆ ಎಂದು ಯಾರ ಮುಂದೆ ಹೇಳಿಯಾನು?

ಮೈಯ ಮಾತಿಗೆ ಕಿವಿಗೊಡುವ ಈ ಚಿಕಿತ್ಸೆಯ ದಾರಿಗೆ ಹೆಸರು ಕೊಟ್ಟವರಲ್ಲಿ ಮುಖ್ಯರು ಯೂಜೀನ್ ಗೆಂಡ್ಲಿನ್. 1926ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹುಡುಗ. ನಾಜಿಗಳ ಕೈಯಿಂದ ತಪ್ಪಿಸಿಕೊಂಡು ಮನೆಮಂದಿಯೊಡನೆ ಅಮೆರಿಕ ಸೇರಿ, ಷಿಕಾಗೊ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿ, ಕಾರ್ಲ್ ರೋಜರ್ಸ್ ಎಂಬ ದೊಡ್ಡ ಮನಶ್ಶಾಸ್ತ್ರಜ್ಞರ ಜೊತೆ ಕೆಲಸ ಮಾಡಿದರು. ಆಪ್ತಸಮಾಲೋಚನೆಯಿಂದ ಕೆಲವರಿಗೆ ಗುಣವಾಗುತ್ತದೆ, ಕೆಲವರಿಗೆ ವರ್ಷಗಟ್ಟಲೆ ಆದರೂ ಆಗುವುದಿಲ್ಲ, ಏಕೆ? ಗೆಂಡ್ಲಿನ್ ಮತ್ತು ಸಂಗಡಿಗರು ರಾಶಿ ರಾಶಿ ಟೇಪುಗಳನ್ನು ಕೇಳಿದರು. ವ್ಯತ್ಯಾಸ ಚಿಕಿತ್ಸಕರ ಜಾಣತನದಲ್ಲಿ ಅಷ್ಟಾಗಿ ಸಿಗಲಿಲ್ಲ, ಮಾತಾಡುವವರ ತಡವರಿಕೆಯಲ್ಲಿ ಸಿಕ್ಕಿತು. ಗುಣವಾಗುವವರು ನಡುವೆ ನಿಲ್ಲುತ್ತಿದ್ದರು. ಸಿಟ್ಟು ಎಂದು ಶುರು ಮಾಡಿ, ಅಲ್ಲ, ಸಿಟ್ಟಲ್ಲ, ಇದಕ್ಕೆ ಏನನ್ನಲಿ ಎಂದು ಒಳಗೆ ತಡಕುತ್ತಿದ್ದರು. ನಿರರ್ಗಳವಾಗಿ ಕತೆ ಹೇಳಿ ಮುಗಿಸುವವರಲ್ಲಿ ಬದಲಾವಣೆ ಕಡಿಮೆ. ಈ ತಡಕುವಿಕೆಯನ್ನು ಕಲಿಸಬಹುದು ಎಂದು ಹೊರಟು, ಅದನ್ನು ಫೋಕಸಿಂಗ್ ಎಂದು ಕರೆದು, ಅದೇ ಹೆಸರಿನ ಪುಸ್ತಕವನ್ನು 1978ರಲ್ಲಿ ತಂದರು. 2017ರಲ್ಲಿ ತೀರಿಕೊಂಡರು.

ಗೆಂಡ್ಲಿನ್ ಹೇಳಿದ್ದು ನಮ್ಮಲ್ಲಿ ಹೇಗಿರಬಹುದು? ರಾಮದುರ್ಗದ ನೇಕಾರನೊಬ್ಬನನ್ನು ಊಹಿಸಿಕೊಳ್ಳಿ. ಐವತ್ತೈದರ ಆಸುಪಾಸು. ಮಗ್ಗದ ಸಪ್ಪಳದಲ್ಲಿ ಎಳೆ ಹರಿದದ್ದನ್ನು ಕಣ್ಣಿಗಿಂತ ಮೊದಲು ಕೈಯಲ್ಲೇ ತಿಳಿಯುವವನು. ಆಪ್ತಸಮಾಲೋಚಕಿಯ ಮುಂದೆ ಕೂತಿದ್ದಾನೆ.

"ಎದಿ ಬಿಗೀತೈತ್ರಿ ಅಕ್ಕಾರ. ಇಸಿಜಿ ತಗಸೀನಿ, ಏನೂ ಇಲ್ಲ ಅಂದಾರು."

"ಎಲ್ಲಿ ಆಗತೈತಿ, ಕೈಲೆ ತೋರಸ್ರಿ ಕಾಕಾ."

ಅಂಗೈ ಎದೆಯ ನಡುವೆ ಹೋಗುತ್ತದೆ. ಅಲ್ಲಿಂದ ಮೇಲೆ ಜರುಗಿ ಗಂಟಲ ಕುಳಿಯ ಹತ್ತಿರ ನಿಲ್ಲುತ್ತದೆ.

"ಹ್ಯಾಂಗ ಆಗತೈತಿ?"

"ಕಲ್ಲ ಇಟ್ಟಂಗ್ರಿ."

"ಕಲ್ಲಿನಂಗ..." ಎಂದು ಅವಳು ಅದೇ ಮಾತನ್ನು ಮೆಲ್ಲಗೆ ತಿರುಗಿ ಹೇಳಿ ಸುಮ್ಮನಾಗುತ್ತಾಳೆ. ಪೆನ್ನು ಮುಟ್ಟುವುದಿಲ್ಲ. ಕಾಕಾ ಕಣ್ಣು ಮುಚ್ಚುತ್ತಾನೆ. ಹೊರಗೆ ಯಾರೋ ಚೀಟಿ ಕೂಗುತ್ತಾರೆ.

"ಕಲ್ಲಲ್ರಿ. ಕಲ್ಲ ಆದ್ರ ಬರೇ ಭಾರ. ಇದು ಜಗ್ಗತೈತಿ. ಮಗ್ಗಕ್ಕ ಹಾಸು ಬಿಗಿದಂಗ. ಇನ್ನೊಂದೀಟು ಬಿಗಿದ್ರ ಹರೀತೈತಿ ಅನ್ನುವಂಗ ನೋಡ್ರಿ."

ಹೇಳಿದ್ದೇ ತಡ, ಅವನ ಭುಜ ಇಷ್ಟು ಕೆಳಗಿಳಿಯುತ್ತದೆ. ಒಂದು ಉದ್ದನೆಯ ಉಸಿರು ಹೊರಗೆ ಬರುತ್ತದೆ.

"ಆ ಬಿಗೀಗೆ ಏನ ಬೇಕಾಗೈತಿ, ಕೇಳಿ ನೋಡ್ರಿ ಕಾಕಾ. ಅವಸರ ಇಲ್ಲ."

ಬಹಳ ಹೊತ್ತಿನ ಮೇಲೆ: "ಸಾಲದ್ದು ಮಗಗ ಹೇಳಬೇಕ್ರಿ. ಅಂವಗ ಗೊತ್ತಿಲ್ಲ."

ಸಾಲ ಇದ್ದಷ್ಟೇ ಇದೆ. ಆದರೆ ಒಬ್ಬನೇ ಎರಡು ತುದಿ ಹಿಡಿದು ಹಾಸು ಜಗ್ಗುತ್ತಿದ್ದವನಿಗೆ ಈಗ ಮುಂದಿನ ಹೆಜ್ಜೆಯೊಂದು ಸಿಕ್ಕಿದೆ. ಕಲ್ಲು ಎಂಬುದು ಬಾಯಿಗೆ ಬಂದ ಮೊದಲ ಮಾತು, ಊರೆಲ್ಲ ಆಡುವ ಮಾತು. ಹಾಸು ಎಂಬುದು ಅವನದೇ ಮಾತು, ಅವನ ಎದೆಗೆ ಸರಿಯಾಗಿ ಕೂತ ಮಾತು. ಮಾತು ಕೂತಿತೋ ಇಲ್ಲವೋ ಎಂದು ತೀರ್ಮಾನಿಸುವುದು ಮೈ. ಆ ಉದ್ದನೆಯ ಉಸಿರೇ ಅದರ ಒಪ್ಪಿಗೆ. ಮೈಯಲ್ಲಿ ಮಸುಕಾಗಿ ಕೂತ, ಇನ್ನೂ ಮಾತಾಗದ ಇಂಥ ಅರಿವಿಗೆ ಗೆಂಡ್ಲಿನ್ ಫೆಲ್ಟ್ ಸೆನ್ಸ್ ಎಂದರು. ಕನ್ನಡದಲ್ಲಿ ಮೈಯರಿವು ಎನ್ನಬಹುದು.

ಒಳಗಿನ ಸುದ್ದಿ ಮೆದುಳಿಗೆ ಮುಟ್ಟುವ ಬಗೆಯೂ ಈಗ ಸಾಕಷ್ಟು ತಿಳಿದಿದೆ. ಕಣ್ಣು, ಕಿವಿ ಹೊರಗಿನದನ್ನು ತಿಳಿಸುವಂತೆ ಹೃದಯದ ಬಡಿತ, ಉಸಿರು, ಕರುಳಿನ ಚಲನೆ, ಸ್ನಾಯುಗಳ ಬಿಗಿತ ಇವೆಲ್ಲ ನರಗಳ ಮೂಲಕ ಮೇಲೆ ಹೋಗುತ್ತಲೇ ಇರುತ್ತವೆ. ಈ ಒಳಗ್ರಹಿಕೆಗೆ ವಿಜ್ಞಾನಿಗಳು ಇಂಟೆರೊಸೆಪ್ಷನ್ ಎನ್ನುತ್ತಾರೆ. ತಲೆಬುರುಡೆಯಿಂದ ಹೊಟ್ಟೆಯವರೆಗೆ ಇಳಿದಿರುವ ವೇಗಸ್ ನರದ ಎಳೆಗಳಲ್ಲಿ ಸುಮಾರು ಶೇ 80ರಷ್ಟು ಸುದ್ದಿ ಒಯ್ಯುವುದು ಮೈಯಿಂದ ಮೆದುಳಿನ ಕಡೆಗೇ. ಆ ಸುದ್ದಿಯನ್ನೆಲ್ಲ ಒಟ್ಟುಗೂಡಿಸಿ ಈಗ ನನಗೆ ಹೇಗಾಗುತ್ತಿದೆ ಎಂಬ ಭಾವವಾಗಿಸುವುದರಲ್ಲಿ ಮೆದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಎಂಬ ಭಾಗಕ್ಕೆ ದೊಡ್ಡ ಪಾತ್ರವಿದೆ. ಫಿನ್ಲೆಂಡಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 701 ಜನರಿಗೆ ಮನುಷ್ಯನ ಚಿತ್ರ ಕೊಟ್ಟು, ಸಿಟ್ಟು, ದುಃಖ, ಭಯ ಮೈಯ ಎಲ್ಲೆಲ್ಲಿ ಅನ್ನಿಸುತ್ತದೆ ಎಂದು ಬಣ್ಣ ಹಚ್ಚಿಸಿದರು. ಯುರೋಪಿನವರೂ ತೈವಾನಿನವರೂ ಹಚ್ಚಿದ ಚಿತ್ರಗಳು ಬಹುಮಟ್ಟಿಗೆ ಹೊಂದಿದವು. ಬೈಲಹೊಂಗಲದ ಅಜ್ಜಿಯೊಬ್ಬಳ ಕೈಗೆ ಆ ಬಣ್ಣ ಕೊಟ್ಟಿದ್ದರೆ ಅವಳೂ ತಡಮಾಡುತ್ತಿರಲಿಲ್ಲ.

ಮೈಯ ಕಡೆ ಗಮನ ತಿರುಗಿಸುವುದು ಈ ಸೀಮೆಗೆ ಹೊಸತೇನಲ್ಲ. ಲಿಂಗಾಯತ ಮನೆಗಳಲ್ಲಿ ಹಿರಿಯರು ಬೆಳಿಗ್ಗೆ ಎಡ ಅಂಗೈ ಮೇಲೆ ಇಷ್ಟಲಿಂಗವಿಟ್ಟು ದೃಷ್ಟಿ ನೆಟ್ಟು ಕೂಡುತ್ತಾರೆ. ಅಲ್ಲಿನ ಗುರಿ ಬೇರೆ, ಆದರೆ ಚದುರುವ ಮನಸ್ಸನ್ನು ಮತ್ತೆ ಮತ್ತೆ ಒಂದೆಡೆ ತಂದು ಕೂರಿಸುವ ಅಭ್ಯಾಸ ಒಂದೇ. ಯೋಗದ ಇತಿಹಾಸದಲ್ಲೂ ಬೆಳಗಾವಿಗೆ ಒಂದು ಸಾಲು ಸಲ್ಲಬೇಕು. 1936ರಲ್ಲಿ ಗುರು ಕೃಷ್ಣಮಾಚಾರ್ಯರೊಡನೆ ಉತ್ತರ ಕರ್ನಾಟಕಕ್ಕೆ ಪ್ರದರ್ಶನಕ್ಕೆಂದು ಬಂದಿದ್ದ ಹದಿಹರೆಯದ ಬಿ.ಕೆ.ಎಸ್. ಅಯ್ಯಂಗಾರ್ ಅವರನ್ನು ಇಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆ ಕಂಡರು. ಅವರೇ ಮರುವರ್ಷ ಅಯ್ಯಂಗಾರರನ್ನು ಪುಣೆಗೆ ಕರೆಸಿಕೊಂಡರು. ಮುಂದೆ ಜಗತ್ತಿನ ತುಂಬ ಹಬ್ಬಿದ ಅಯ್ಯಂಗಾರ್ ಯೋಗದ ತಿರುಳು ಇರುವುದು ಮೈಯ ಪ್ರತಿ ಭಾಗಕ್ಕೂ ಗಮನ ಒಯ್ಯುವುದರಲ್ಲಿ.

ಇನ್ನು ಸವದತ್ತಿಯ ಎಲ್ಲಮ್ಮನ ಗುಡ್ಡ. ಹುಣ್ಣಿಮೆಯ ಜಾತ್ರೆಯಲ್ಲಿ, ಭಂಡಾರ ಹಾರಿ, "ಉಧೋ ಉಧೋ" ಮುಗಿಲು ಮುಟ್ಟಿದಾಗ, ಹೆಣ್ಣುಮಕ್ಕಳ ಮೈಮೇಲೆ ಬರುವುದನ್ನು ಕಂಡವರು ಬಹಳ. ಮನೆಯಲ್ಲಿ ವರ್ಷವಿಡೀ ಬಾಯಿಬಿಡದ ಸೊಸೆಯ ಮಾತನ್ನು ಅಂದು ಎಲ್ಲರೂ ಕೈಮುಗಿದು ಕೇಳುತ್ತಾರೆ. ಮಾತಿಗೆ ದಾರಿ ಇಲ್ಲದಾಗ ಮೈ ಕಂಡುಕೊಂಡ ದಾರಿ ಎಂದು ಅದನ್ನು ಗೌರವದಿಂದಲೇ ನೋಡಬೇಕು. ಆದರೆ ಇಲ್ಲಿ ಹೇಳುತ್ತಿರುವ ವಿಧಾನಕ್ಕೂ ಅದಕ್ಕೂ ಅಂತರವಿದೆ. ಮೈಮೇಲೆ ಬಂದಾಗ ಆಡುವವಳು ತಾನಲ್ಲ, ದೇವಿ; ಇಳಿದ ಮೇಲೆ ಆಡಿದ್ದು ನೆನಪಿರದೆಯೂ ಹೋಗಬಹುದು. ರಾಮದುರ್ಗದ ಕಾಕಾ ಮಾತ್ರ ಪೂರ್ತಿ ಎಚ್ಚರದಲ್ಲಿ ತನ್ನ ಎದೆಯ ಪಕ್ಕದಲ್ಲಿ ತಾನೇ ಕೂತಿದ್ದಾನೆ. ಬಿಗಿತ ಅವನೊಳಗಿದೆ, ಅವನು ಬಿಗಿತದೊಳಗೆ ಮುಳುಗಿಲ್ಲ. ಚಿಕಿತ್ಸಕರು ಕಾಪಾಡುವುದು ಈ ಅಳತೆಯನ್ನೇ.

ಅಳತೆ ತಪ್ಪಿದರೆ ಅಪಾಯವಿದೆ. ಪ್ಯಾನಿಕ್ ಇರುವವರು ಮೊದಲೇ ಎದೆಬಡಿತಕ್ಕೆ ಕಿವಿಗೊಟ್ಟು ಕೂತಿರುತ್ತಾರೆ. ಒಂದು ಬಡಿತ ಜೋರಾದರೆ ಜೀವ ಹೋಯಿತೆಂದು ಹೆದರಿ, ಆ ಹೆದರಿಕೆಯಿಂದ ಬಡಿತ ಇನ್ನೂ ಜೋರಾಗುತ್ತದೆ. ಅಂಥವರಿಗೆ ಒಳಗೆ ನೋಡು ಎಂದಷ್ಟೇ ಹೇಳಿದರೆ ಬೆಂಕಿಗೆ ಎಣ್ಣೆ. ದೊಡ್ಡ ಆಘಾತ ಉಂಡವರದೂ ಹೀಗೆಯೇ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟು ಮಲಪ್ರಭೆ ಉಕ್ಕಿದಾಗ ರಾಮದುರ್ಗ ತಾಲೂಕಿನ ಹೊಳೆದಂಡೆಯ ಓಣಿಗಳಿಗೆ ನೀರು ನುಗ್ಗಿತು. ಮನೆ ಬಿದ್ದದ್ದನ್ನು ಕಣ್ಣಾರೆ ಕಂಡವರಿಗೆ ಮುಂದೆ ರಾತ್ರಿ ತಗಡಿನ ಮೇಲೆ ಮಳೆ ಸಪ್ಪಳ ಕೇಳಿದರೂ ಮೈ ಓಡಲು ಸಜ್ಜಾಗಿಬಿಡುವುದು ಸಹಜ. ಅವರನ್ನು ಒಂದೇ ಸಲ ಆ ರಾತ್ರಿಗೆ ಒಯ್ಯಬಾರದು. ಮೊದಲು ಪಾದ ನೆಲಕ್ಕೆ ಮುಟ್ಟಿರುವುದು, ಬೆನ್ನು ಗೋಡೆಗೆ ಆನಿಸಿರುವುದು ಗಮನಕ್ಕೆ ಬರಬೇಕು. ಆಮೇಲೆ ಭಯದ ಒಂದು ಚೂರು, ಮತ್ತೆ ಪಾದ. ಪೀಟರ್ ಲೆವಿನ್ ರೂಪಿಸಿದ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ನಡೆಯುವುದು ಹೀಗೆ. 2004ರ ಸುನಾಮಿಯ ನಂತರ ದಕ್ಷಿಣ ಭಾರತದ 13 ಹಳ್ಳಿಗಳ 150 ಜನರಿಗೆ ಇದನ್ನು ಮಾಡಿ ನೋಡಿದ ತಂಡ ಬಹುಪಾಲು ಜನರಲ್ಲಿ ಸುಧಾರಣೆ ಕಂಡಿತು. ಚಿಕಿತ್ಸೆ ಪಡೆಯದವರೊಡನೆ ಹೋಲಿಸಿ ನೋಡಿರಲಿಲ್ಲವಾದ್ದರಿಂದ ಅದನ್ನು ಆಶೆ ಹುಟ್ಟಿಸುವ ಮೊದಲ ಹೆಜ್ಜೆ ಎಂದಷ್ಟೇ ತೆಗೆದುಕೊಳ್ಳಬೇಕು.

ಮಾತ್ರೆ ಬಿಡಬೇಕೆಂದು ಇದರಿಂದ ಯಾರೂ ತಿಳಿಯಬಾರದು. ನಿಮ್ಹಾನ್ಸ್‌ನ ಜಾನಕಿರಾಮಯ್ಯ, ಗಂಗಾಧರ್ ಮುಂತಾದವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೀವ್ರ ಖಿನ್ನತೆಯ 45 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಒಂದಕ್ಕೆ ಇಮಿಪ್ರಮಿನ್ ಮಾತ್ರೆ, ಇನ್ನೊಂದಕ್ಕೆ ಸುದರ್ಶನ ಕ್ರಿಯೆಯ ಉಸಿರಾಟ ಕೊಟ್ಟರು. ನಾಲ್ಕು ವಾರದಲ್ಲಿ ಪೂರ್ತಿ ಚೇತರಿಸಿಕೊಂಡವರು ಕ್ರಮವಾಗಿ ಶೇ 93, 73, 67. ಉಸಿರಾಟ ಮಾತ್ರೆಯ ಹತ್ತಿರಕ್ಕೆ ಬಂದದ್ದು ಚಿಕ್ಕ ಮಾತಲ್ಲ. ಆದರೆ ವಿದ್ಯುತ್ ಚಿಕಿತ್ಸೆ ಮುಂದಿತ್ತು, ಗುಂಪಿಗೆ ಇದ್ದದ್ದು ಹದಿನೈದೇ ಜನ. ಪರೀಕ್ಷೆಗಳನ್ನೂ ಬಿಡುವಂತಿಲ್ಲ: ಮೊದಲು ಎದೆನೋವಿಗೆ ಇಸಿಜಿ, ಸುಸ್ತಿಗೆ ರಕ್ತಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಆಗಲೇಬೇಕು. ರಕ್ತ ಕಡಿಮೆಯಾಗಿ ಎದೆ ಹೊಡೆದುಕೊಳ್ಳುವ ಬಾಣಂತಿಗೆ ಬೇಕಾದದ್ದು ಕಬ್ಬಿಣದ ಗುಳಿಗೆ.

ತಾಲೂಕು ಮಟ್ಟದಲ್ಲಿ ಬಾಗಿಲು ಇಲ್ಲವೆಂದಲ್ಲ. ಮನೋಚೈತನ್ಯ ಯೋಜನೆಯಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಏರ್ಪಾಡನ್ನು ರಾಜ್ಯ 2014ರಲ್ಲಿ ಶುರು ಮಾಡಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ಗೆ 14416 ಒತ್ತಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಜೀವ ಬ್ಯಾಡಾಗೈತಿ ಎಂದು ಯಾರಾದರೂ ಅಂದರೆ ಆ ದಿನವೇ ಒತ್ತಬೇಕಾದ ಅಂಕಿ ಅದು.

ಎಲ್ಲರ ಸಂಕಟವೂ ಆ ಮಟ್ಟಕ್ಕೆ ಹೋಗಿರುವುದಿಲ್ಲ. ರಾತ್ರಿ ಊಟದ ಹೊತ್ತಿಗೆ ಸೊಸೆ ರೊಟ್ಟಿ ತಟ್ಟುತ್ತ "ಯಾಕೋ ಹೊಟ್ಟ್ಯಾಗ ಕಸಿವಿಸಿ ಅತ್ತಿ" ಎನ್ನುತ್ತಾಳೆ. "ಏನಾಗಿಲ್ಲ ತಗೊ, ಒಂದೀಟು ಮಜ್ಜಿಗಿ ಕುಡಿ" ಎಂಬ ಮಾತು ಅತ್ತೆಯ ಬಾಯಿಗೆ ಬಂದೇ ಬರುತ್ತದೆ, ಅದರಲ್ಲಿ ಅಕ್ಕರೆಯೂ ಇದೆ. ಅದನ್ನು ತುಸು ತಡೆದು, ಒಲೆಯ ಉರಿ ಸಣ್ಣ ಮಾಡಿ, ಪಕ್ಕದಲ್ಲಿ ಕೂತು ಕೇಳಬಹುದು: "ಎಲ್ಲಿ ಆಗತೈತಿ ಯವ್ವಾ, ತೋರಸು. ಹ್ಯಾಂಗ ಆಗತೈತಿ?" ಸೊಸೆ ಹಿಟ್ಟಿನ ಕೈಯನ್ನೇ ಹೊಟ್ಟೆಯ ಮೇಲಿಟ್ಟುಕೊಂಡು ತಡವರಿಸುತ್ತಾಳೆ. ರೊಟ್ಟಿ ಒಂದು ಸೀದರೂ ಸೀಯಲಿ.