ಕುತ್ತಿಗೆಯ ಪೈಪು

ಪೀಣ್ಯದ ಕಡೆಯ ಒಂದು ಡಯಾಲಿಸಿಸ್ ಕೋಣೆ. ಒಡಿಶಾದ ಹುಡುಗ, ಲೇತ್ ಕೆಲಸದವನು. ಯಂತ್ರಕ್ಕೆ ಜೋಡಿಸಿ ಅರ್ಧ ಗಂಟೆ ಕಳೆದಿರಲಿಲ್ಲ, ಮಂಚ ಅಲುಗುವಂಥ ನಡುಕ ಶುರುವಾಯಿತು. ಸಿಸ್ಟರ್ ಎರಡು ಕಂಬಳಿ ಹೊದಿಸಿ, ಡಾಕ್ಟರಿಗೆ ಫೋನ್ ಮಾಡಿ, ಕಲ್ಚರ್ ಬಾಟಲಿ ತಂದರು. ಒಂದಕ್ಕೆ, ಡಯಾಲಿಸಿಸ್‌ಗೆಂದು ಕುತ್ತಿಗೆಯ ನರಕ್ಕೆ ಹಾಕಿದ ಪೈಪಿನಿಂದ ರಕ್ತ, ಇನ್ನೊಂದಕ್ಕೆ ಬಲಗೈ ಹಿಂಬದಿಯ ನರದಿಂದ. ಆಮೇಲೆಯೇ ಆ್ಯಂಟಿಬಯೋಟಿಕ್. ಎರಡರಲ್ಲೂ ಒಂದೇ ಬ್ಯಾಕ್ಟೀರಿಯಾ ಬೆಳೆದು, ಪೈಪಿನ ಬಾಟಲಿ 2 ಗಂಟೆ ಮೊದಲೇ ಸುಳಿವು ಕೊಟ್ಟರೆ, ಸೋಂಕು ಒಳಬಂದದ್ದು ಪೈಪಿನಿಂದಲೇ ಎಂದು ಲೆಕ್ಕ.

ಪಕ್ಕದ ಮಂಚದಲ್ಲಿ ತುಮಕೂರು ಕಡೆಯ ಯಜಮಾನರೊಬ್ಬರು ಮೊಬೈಲ್ ನೋಡುತ್ತ ನಿರಾಳವಾಗಿ ಮಲಗಿದ್ದರು. ಅವರ ಸೂಜಿ ಕೈಗೆ. ತೋಳಿನಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಹೊಲಿದು ಮಾಡಿದ ಫಿಸ್ಟುಲಾ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರ ಫೆಬ್ರವರಿಯಲ್ಲಿ ಹೊರತಂದ ವರದಿ ನೆನಪಾಯಿತು. ಡಯಾಲಿಸಿಸ್ ರೋಗಿಗಳಿಗೆ ಸ್ಟ್ಯಾಫ್ ಎಂಬ ಬ್ಯಾಕ್ಟೀರಿಯಾದ ರಕ್ತಸೋಂಕು ತಗಲುವ ಸಾಧ್ಯತೆ ಉಳಿದವರಿಗಿಂತ 100 ಪಟ್ಟು ಹೆಚ್ಚು. ಅವರಲ್ಲೂ ಹಿಸ್ಪಾನಿಕ್ ರೋಗಿಗಳಿಗೆ ಬಿಳಿಯರಿಗಿಂತ ಶೇ 40ರಷ್ಟು ಅಧಿಕ. ಇಷ್ಟು ಓದಿದವರಿಗೆ ‘ಆ ಜನರ ರಕ್ತವೇ ಹಾಗೆ’ ಅನ್ನಿಸಿಬಿಡಬಹುದು. ಆದರೆ ವರದಿ ಬೊಟ್ಟು ಮಾಡಿದ್ದು ಬಡತನ, ಇಕ್ಕಟ್ಟಿನ ಮನೆ, ಕಡಿಮೆ ಓದಿನತ್ತ. ಫಿಸ್ಟುಲಾಕ್ಕಿಂತ ಪೈಪೇ ಹೆಚ್ಚು ಅಪಾಯ ಎಂಬುದರತ್ತ.

ಪೀಣ್ಯದಲ್ಲೂ ಇದನ್ನೇ ನೋಡಬೇಕು. ಫಿಸ್ಟುಲಾ ಸಿದ್ಧವಾಗಲು ವಾರಗಳು ಬೇಕು, ಕೆಲವೊಮ್ಮೆ ತಿಂಗಳುಗಳು. ಮೂತ್ರಪಿಂಡ ಸೋಲುತ್ತಿದೆ ಎಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅಷ್ಟು ಸಮಯ. ಉಸಿರು ಕಟ್ಟಿ, ಮುಖ ಊದಿ ತುರ್ತು ವಿಭಾಗಕ್ಕೆ ಬಂದವನಿಗೆ ಕುತ್ತಿಗೆಯ ಪೈಪೇ ಗತಿ. ಮೊದಲೇ ತಿಳಿಯಲು ಬಿಪಿ ನೋಡಿಸಬೇಕು, ರಕ್ತದ ಕ್ರಿಯಾಟಿನಿನ್ ಪರೀಕ್ಷೆಯಾಗಬೇಕು; ಅದಕ್ಕೆ ದುಡ್ಡು ಹೆಚ್ಚು ಬೇಡ, ಅರ್ಧ ದಿನದ ರಜೆ ಬೇಕು. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐ ಇದೆ, ಸರಿ. ಗುತ್ತಿಗೆದಾರ ವಂತಿಗೆಯನ್ನೇ ಕಟ್ಟದಿದ್ದರೆ?

ಪೈಪು ಹಾಕಿದ ಮೇಲೆ ಕುತ್ತಿಗೆ ಒದ್ದೆಯಾಗಕೂಡದು. ಆರು ಜನರ ಶೆಡ್ಡು, ಒಂದೇ ನಲ್ಲಿ, ಮೈತುಂಬ ಕೂಲಂಟ್ ಎಣ್ಣೆ. ತಲೆಗೆ ಚೊಂಬು ಸುರಿದುಕೊಳ್ಳದೆ ಅವನು ಮಲಗುವುದು ಹೇಗೆ? ಗೋಡೆಯ ಸೂಚನೆಗಳು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ. ಸಿಸ್ಟರಿಗೆ ಬರುವ ಒಡಿಯಾ ಒಂದೇ ಪದ, ‘ಪಾಣಿ’. ಅದನ್ನು ಹೇಳಿ, ಕುತ್ತಿಗೆ ಮುಟ್ಟಿ, ಬೇಡವೆಂದು ಕೈಯಾಡಿಸುತ್ತಾರೆ. ಅವನು ತಲೆಯಾಡಿಸುತ್ತಾನೆ. ಮಾತು ನಾಟಿತೋ, ಮರ್ಯಾದೆಗೆ ಆಡಿಸಿದನೋ, ಯಾರು ಹೇಳಬೇಕು?

ನಡುಕ ಇಳಿದ ಮೇಲೆ ಡಾಕ್ಟರು ಅವನ ಎಡಗೈ ಹಿಡಿದು ನರ ತಡವಿದರು. ‘ಫಿಸ್ಟುಲಾ ಆಗುತ್ತೆ, ಈ ಕೈ ಉಳಿಸ್ಕೊಳ್ಳಿ’ ಎಂದರು ಸಿಸ್ಟರಿಗೆ. ಸಿಸ್ಟರ್ ಮಣಿಕಟ್ಟಿಗೆ ಪ್ಲಾಸ್ಟರ್ ಸುತ್ತಿ, ಈ ಕೈಗೆ ಸೂಜಿ ಚುಚ್ಚಬಾರದು ಎಂದು ಪೆನ್ನಿನಲ್ಲಿ ಬರೆದರು, ಇಂಗ್ಲಿಷಿನಲ್ಲಿ. ಹುಡುಗ ಅದನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡ.