ಅಂಗೈಯಗಲದ ಜೆಟ್

ತೇಜಸ್ ಯುದ್ಧವಿಮಾನದ ಹೊಟ್ಟೆಯಲ್ಲಿರುವ ಎಫ್‌404 ಎಂಜಿನ್ನಿನ ವ್ಯಾಸ ಸುಮಾರು 89 ಸೆಂಟಿಮೀಟರ್. 12ರಿಂದ ಭಾಗಿಸಿದರೆ 7.4 ಸೆಂಟಿಮೀಟರ್. ಮಾದರಿ ವಿಮಾನಗಳ ಅಂಗಡಿಯಲ್ಲಿ ಸಿಗುವ 70 ಮಿಲಿಮೀಟರಿನ ಫ್ಯಾನು, ಹೊರಗಿನ ಕವಚವೂ ಸೇರಿ, ಹೆಚ್ಚುಕಡಿಮೆ ಅಷ್ಟೇ ದಪ್ಪ. ಹಾಗಾಗಿ ತೇಜಸ್ಸನ್ನು ಹನ್ನೆರಡರಲ್ಲಿ ಒಂದರ ಅಳತೆಗೆ ಇಳಿಸಿ ಕಟ್ಟಲು ಹೊರಟವರಿಗೆ ಮೊದಲ ಲೆಕ್ಕವೇ ಕೂಡಿ ಬರುತ್ತದೆ. 13.2 ಮೀಟರ್ ಉದ್ದ 110 ಸೆಂಟಿಮೀಟರ್ ಆಗುತ್ತದೆ, 8.2 ಮೀಟರಿನ ರೆಕ್ಕೆಯಗಲ 68ಕ್ಕೆ ಇಳಿಯುತ್ತದೆ, ಎಂಜಿನ್ ಇರಬೇಕಾದ ಜಾಗದಲ್ಲಿ ಫ್ಯಾನು ಹೋಗಿ ಕೂರುತ್ತದೆ. ಈ ವಿಮಾನ 2001ರ ಜನವರಿ 4ರಂದು ಮೊದಲ ಸಲ ನೆಲ ಬಿಟ್ಟಿದ್ದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ. ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿ ಮನೆಗೆ ಬಂದ ಮಕ್ಕಳಿಗೆ, ಅವರ ಅಪ್ಪಂದಿರಿಗೂ, ಅದನ್ನು ಕೈಯಾರೆ ಕಟ್ಟುವ ಆಸೆ ಹುಟ್ಟುವುದು ಸಹಜ.

ಇಂಥ ಮಾದರಿಗಳಿಗೆ ಹವ್ಯಾಸಿಗಳು ‘ಇಡಿಎಫ್’ ಎನ್ನುತ್ತಾರೆ. ಎಲೆಕ್ಟ್ರಿಕ್ ಡಕ್ಟೆಡ್ ಫ್ಯಾನ್ ಎಂಬುದರ ಗಿಡ್ಡ ಹೆಸರು. ಕೊಳವೆಯೊಳಗೆ ಒಂದು ಫ್ಯಾನು, ಹಿಂದೆ ಬ್ರಶ್‌ಲೆಸ್ ಮೋಟಾರು, ಅದನ್ನು ಹಿಡಿದು ನಿಂತ ಅಲುಗದ ಪಟ್ಟಿಗಳ ಒಂದು ಸುತ್ತು. ಫ್ಯಾನಿನಿಂದ ಸುಳಿಯಾಗಿ ಹೊರಡುವ ಗಾಳಿಯನ್ನು ನೇರ ಮಾಡುವುದು ಈ ಪಟ್ಟಿಗಳ ಕೆಲಸ. ಇಲ್ಲಿ ಏನೂ ಉರಿಯುವುದಿಲ್ಲ, ಟರ್ಬೈನ್ ಇಲ್ಲ. ಆದರೂ ಮುಂದಿನ ಗಾಳಿಯನ್ನು ಸೆಳೆದು, ಹಿಂದಕ್ಕೆ ರಭಸವಾಗಿ ದಬ್ಬಿ ಮುನ್ನುಗ್ಗುವ ತತ್ವ ಜೆಟ್ಟಿನದೇ. ಆರು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ 22.2 ವೋಲ್ಟ್ ಕೊಟ್ಟರೆ ಈ ಪುಟ್ಟ ಫ್ಯಾನು ನಿಮಿಷಕ್ಕೆ 40,000 ಸುತ್ತಿನ ಆಸುಪಾಸು ತಿರುಗುತ್ತದೆ. ಬ್ಲೇಡಿನ ತುದಿಯ ವೇಗ ಗಂಟೆಗೆ 500 ಕಿಲೋಮೀಟರ್ ದಾಟುತ್ತದೆ. ತುದಿಗೂ ಕವಚಕ್ಕೂ ನಡುವಿನ ಸಂದು ಅರ್ಧ ಮಿಲಿಮೀಟರಿನೊಳಗೇ ಇರಬೇಕು. ರೋಟರಿನ ಒಂದು ಬದಿ ಚೂರು ಭಾರವಾದರೂ ಇಡೀ ವಿಮಾನ ನಡುಗುತ್ತದೆ. ಆದ್ದರಿಂದ ಹೊಸ ಫ್ಯಾನು ತಂದವರು ಮೊದಲು ಮಾಡುವುದು ಅದರ ಸಮತೋಲ ನೋಡಿ, ಹಗುರ ಬದಿಗೆ ಒಂದು ಹನಿ ಅಂಟು ಹಾಕುವ ಕೆಲಸ.

ಈ ರೂಪಕ್ಕೆ ತೆರುವ ಬೆಲೆ ದೊಡ್ಡದು. ಎರಡು ಕಿಲೋ ತಳ್ಳುವ ಶಕ್ತಿ ಬೇಕೆನ್ನಿ. ಒಂದಡಿ ವ್ಯಾಸದ ಪ್ರೊಪೆಲ್ಲರ್ ಹೆಚ್ಚು ಗಾಳಿಯನ್ನು ನಿಧಾನವಾಗಿ ದಬ್ಬಿ ಆ ಕೆಲಸ ಮಾಡುತ್ತದೆ. 70 ಮಿಲಿಮೀಟರಿನ ಫ್ಯಾನಿಗೆ, ನಡುವಿನ ಗುಬುಟು ಕಳೆದರೆ, ಸಿಗುವ ಜಾಗ ಸುಮಾರು 30 ಚದರ ಸೆಂಟಿಮೀಟರ್ ಮಾತ್ರ. ಅಷ್ಟರಿಂದಲೇ ಎರಡು ಕಿಲೋ ಹೊರಡಬೇಕಾದರೆ ಗಾಳಿ ಗಂಟೆಗೆ 260 ಕಿಲೋಮೀಟರ್ ವೇಗದಲ್ಲಿ ಹೊರನುಗ್ಗಬೇಕು. ಕಾಗದದ ಮೇಲಿನ ಲೆಕ್ಕದಲ್ಲೇ ಪ್ರೊಪೆಲ್ಲರಿನ ಮೂರು ಪಟ್ಟಿಗೂ ಹೆಚ್ಚು ಶಕ್ತಿ ಇದಕ್ಕೆ ಬೇಕು. ಹೀಗಾಗಿ 4,000 ಎಂಎಎಚ್ ಬ್ಯಾಟರಿಯಲ್ಲಿ ಹಾರಾಟ ನಾಲ್ಕೈದು ನಿಮಿಷದ್ದು. ಇಷ್ಟು ದುಬಾರಿ ಶಕ್ತಿಯಲ್ಲಿ ಒಂದು ಪಾಲೂ ದಾರಿಯಲ್ಲಿ ಸೋರಬಾರದು. ಈ ಕಸುಬಿನ ಜೀವ ಇರುವುದೇ ಇಲ್ಲಿ: ಕಟ್ಟುವವರು ಮೊದಲು ಗಾಳಿಗೆ ದಾರಿ ಕಟ್ಟುತ್ತಾರೆ, ಆಮೇಲೆ ಅದರ ಸುತ್ತ ವಿಮಾನ ಕಟ್ಟುತ್ತಾರೆ.

ಈ ಹವ್ಯಾಸದಲ್ಲಿ ಡಕ್ಟೆಡ್ ಫ್ಯಾನು ಬ್ರಶ್‌ಲೆಸ್ ಮೋಟಾರಿಗಿಂತ ಹಳೆಯ ವಿದ್ಯೆ. 1970, 80ರ ದಶಕಗಳಲ್ಲಿ ಅಮೆರಿಕದ ಹವ್ಯಾಸಿಗಳು ಮೆಥನಾಲ್ ಕುಡಿಯುವ ಪುಟ್ಟ ಪಿಸ್ಟನ್ ಎಂಜಿನ್‌ಗಳನ್ನೇ ಕೊಳವೆಯೊಳಗೆ ಕೂರಿಸಿ ಫ್ಯಾನು ತಿರುಗಿಸುತ್ತಿದ್ದರು. ಫ್ಲಾರಿಡಾದ ಬಾಬ್ ವಯೊಲೆಟ್, ಅಯೋವಾದ ಬೈರನ್ ಒರಿಜಿನಲ್ಸ್ ಕಂಪನಿ ಆ ಕಾಲದ ದೊಡ್ಡ ಹೆಸರುಗಳು. ಗ್ರಮನ್ ಕಂಪನಿಯಲ್ಲಿ ಎಫ್-14 ಯುದ್ಧವಿಮಾನದ ವಿನ್ಯಾಸದಲ್ಲಿ ಮುಖ್ಯ ಪಾತ್ರ ವಹಿಸಿದ ಬಾಬ್ ಕ್ರೆಸ್ ಮಾದರಿ ವಿಮಾನಗಳಿಗೂ ಡಕ್ಟೆಡ್ ಫ್ಯಾನು ರೂಪಿಸಿದರು. ಹಗಲು ನಿಜವಾದ ಜೆಟ್, ಸಂಜೆ ಆಟದ ಜೆಟ್. ಎರಡರಲ್ಲೂ ಗಾಳಿಯ ನಿಯಮ ಒಂದೇ ಎಂಬುದನ್ನು ಅವರಷ್ಟು ಬಲ್ಲವರು ಕಡಿಮೆ. 1990ರ ಸುಮಾರಿಗೆ ಜರ್ಮನಿಯ ಕರ್ಟ್ ಶ್ರೆಕ್ಲಿಂಗ್ ಪ್ಲೈವುಡ್ಡಿನ ಕಂಪ್ರೆಸರ್ ಚಕ್ರವಿಟ್ಟು ಮನೆಯಲ್ಲೇ ಟರ್ಬೈನ್ ಮಾಡಿ ತೋರಿಸಿದ ಮೇಲೆ ದೊಡ್ಡ ಮಾದರಿಗಳು ಅತ್ತ ಹೊರಳಿದವು. ಫ್ಯಾನಿಗೆ ಮರುಜೀವ ಬಂದದ್ದು ಈ ಶತಮಾನದಲ್ಲಿ, ಲಿಪೋ ಬ್ಯಾಟರಿ ಮತ್ತು ಬ್ರಶ್‌ಲೆಸ್ ಮೋಟಾರು ಅಗ್ಗವಾದಾಗ.

ಕಟ್ಟುವ ಕೆಲಸ ಶುರುವಾಗುವುದು ಥರ್ಮಾಕೋಲಿನ ಒಂದು ಪುಟ್ಟ ಗ್ಲೈಡರಿನಿಂದ. ತೇಜಸ್ಸಿಗೆ ಹಿಂದೆ ಅಡ್ಡ ರೆಕ್ಕೆಯಿಲ್ಲ. ಮುರಿದ ಅಂಚಿನ ತ್ರಿಕೋನ ರೆಕ್ಕೆಯೇ ಎಲ್ಲ. ಅದರ ತೂಕದ ನಡುಬಿಂದು, ಮೈದಾನದ ಭಾಷೆಯಲ್ಲಿ ಸಿ.ಜಿ., ಎಲ್ಲಿರಬೇಕೆಂದು ಲೆಕ್ಕ ಹಾಕಬಹುದು. ಆದರೆ ಅದೇ ಆಕಾರದ ಹಾಳೆಯನ್ನು ಕತ್ತರಿಸಿ, ಮೂತಿಗೆ ನಾಣ್ಯ ಅಂಟಿಸಿ, ಕೈಯಿಂದ ಎಸೆದು ನೋಡುವುದು ಹೆಚ್ಚು ನಂಬಿಕೆಯ ದಾರಿ. ಇದನ್ನು ಮಕ್ಕಳಾಟ ಎನ್ನುವವರು ಮಾರುತ್ ವಿಮಾನದ ಕಥೆ ಕೇಳಬೇಕು. ಜರ್ಮನ್ ವಿನ್ಯಾಸಕ ಕರ್ಟ್ ಟ್ಯಾಂಕ್ ನೇತೃತ್ವದಲ್ಲಿ ಎಚ್‌ಎಎಲ್ ಆ ಯುದ್ಧವಿಮಾನವನ್ನು ರೂಪಿಸುವಾಗ, ಮೊದಲು ಮೂಲದಷ್ಟೇ ದೊಡ್ಡದಾದ ಮರದ ಗ್ಲೈಡರ್ ಒಂದನ್ನು ಕಟ್ಟಿತು. ಎಕ್ಸ್-241 ಎಂಬ ಆ ಎಂಜಿನ್ ಇಲ್ಲದ ವಿಮಾನವನ್ನು 1959ರಲ್ಲಿ ಡಕೋಟಾ ಸಾಗಣೆ ವಿಮಾನದ ಹಿಂದೆ ಎಳೆಸಿ, ಮೇಲೆ ಬಿಟ್ಟು, ಹಾರಾಟದ ಗುಣ ನೋಡಿದರು. ಎಂಜಿನ್ ಹೊತ್ತ ಮಾರುತ್ ಏರಿದ್ದು 1961ರ ಜೂನ್ 17ರಂದು.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ಒಂದು ಮಾರುತ್ ಇದೆ. ಮಾದರಿ ಕಟ್ಟುವವರು ಅಲ್ಲಿಗೆ ಹೋದರೆ ಅದರ ಪಕ್ಕೆಯ ಗಾಳಿಬಾಯಿಗಳ ಅಂಚನ್ನು ಗಮನವಿಟ್ಟು ನೋಡಬೇಕು. ಶಬ್ದದ ವೇಗದ ಹತ್ತಿರಕ್ಕೂ ಅದರಾಚೆಗೂ ಹೋಗಲೆಂದು ಮಾಡಿದ ವಿಮಾನಗಳಲ್ಲಿ ಆ ಅಂಚು ತೆಳ್ಳಗಿರುತ್ತದೆ. ಅದನ್ನೇ ಅಚ್ಚುಕಟ್ಟಾಗಿ ಮಾದರಿಗೆ ಇಳಿಸಿದರೆ ಫ್ಯಾನಿಗೆ ಉಸಿರು ಕಟ್ಟುತ್ತದೆ. ನಿಂತಲ್ಲೇ ಗಾಳಿ ಸೆಳೆಯುವಾಗ ಅದು ಎಲ್ಲ ದಿಕ್ಕಿನಿಂದ ಬಾಯಿಗೆ ನುಗ್ಗುತ್ತದೆ. ಚೂಪು ಅಂಚನ್ನು ಸುತ್ತಿ ತಿರುಗಲಾರದೆ ಗೋಡೆಯಿಂದ ಕಿತ್ತುಕೊಂಡು ಸುಳಿಯಾಗುತ್ತದೆ. ಮಾದರಿಯ ಗಾಳಿಬಾಯಿ ನಾದಸ್ವರದ ಬಾಯಿಯ ಹಾಗೆ ಹೊರಕ್ಕೆ ಅರಳಿ, ಅಂಚು ದುಂಡಗಿರಬೇಕು. ಮೂಲಕ್ಕೆ ನಿಷ್ಠರಾಗಬೇಕೋ ಗಾಳಿಗೆ ನಿಷ್ಠರಾಗಬೇಕೋ ಎಂಬ ಪ್ರಶ್ನೆ ಈ ಕೆಲಸದ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ನನ್ನ ಉತ್ತರ ಯಾವಾಗಲೂ ಗಾಳಿಯ ಪರ. ಚೆನ್ನಾಗಿ ಹಾರುವ ವಿಮಾನದ ಅಂಚು ಅರ್ಧ ಸೆಂಟಿಮೀಟರ್ ದಪ್ಪವಿದ್ದರೆ ಕೆಳಗೆ ನಿಂತವರಿಗೆ ಕಾಣುವುದಿಲ್ಲ.

ತೇಜಸ್ಸಿನ ಎರಡು ಗಾಳಿಬಾಯಿಗಳು ಒಳಗೆ ‘ವೈ’ ಆಕಾರದಲ್ಲಿ ಕೂಡಿ ಎಂಜಿನ್ ಸೇರುತ್ತವೆ. ಮಾದರಿಯಲ್ಲೂ ಹಾಗೇ ಮಾಡಬೇಕು. ಪ್ರತಿ ಕವಲು ಕನಿಷ್ಠ 15 ಚದರ ಸೆಂಟಿಮೀಟರ್ ಇದ್ದು ಎರಡೂ ಸೇರಿ ಫ್ಯಾನಿನ 30ಕ್ಕೆ ಸಮನಾಗಬೇಕು, ಎಲ್ಲೂ ಥಟ್ಟನೆ ಕಿರಿದಾಗಬಾರದು. ನಡುವಿನ ಗೋಡೆ ರೋಟರಿಗಿಂತ ಸಾಕಷ್ಟು ಮುಂಚೆಯೇ ಮುಗಿಯಬೇಕು. ಇಲ್ಲವಾದರೆ ಪ್ರತಿ ಬ್ಲೇಡೂ ಆ ಗೋಡೆಯ ಹಿಂದಿನ ಕಲಕಿದ ಗಾಳಿಯನ್ನು ಸೀಳುತ್ತ ಕಿವಿಗೆ ಕರ್ಕಶವಾಗಿ ಕಿರುಚುತ್ತದೆ. ಇಂಥ ಆಕಾರ ಹಾಳೆ ಸುತ್ತಿದರೆ ಬರುವುದಿಲ್ಲ. ಥರ್ಮಾಕೋಲನ್ನು ಕೊಳವೆಯ ಒಳಗಿನ ಆಕಾರಕ್ಕೆ ಉಜ್ಜಿ, ಪ್ಯಾಕಿಂಗ್ ಟೇಪು ಸುತ್ತಿ, ಮೇಲೆ ತೆಳುವಾದ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ಅದ್ದಿ ಹೊದಿಸುತ್ತಾರೆ. ಅಂಟು ಗಟ್ಟಿಯಾದ ಮೇಲೆ ಒಳಗೆ ಅಸಿಟೋನ್ ಸುರಿದರೆ ಥರ್ಮಾಕೋಲ್ ಕರಗಿ ಹೋಗುತ್ತದೆ, ಟೇಪನ್ನು ಎಳೆದರೆ ಬರುತ್ತದೆ. ಉಳಿಯುವುದು ಕೈಗೆ ಭಾರವೇ ತಿಳಿಯದ, ಒಳಮೈ ನುಣುಪಾದ ಕೊಳವೆ. ಇಡೀ ವಿಮಾನದಲ್ಲಿ ಅತಿ ಸುಂದರವಾದ ಭಾಗ ಇದೇ ಎನ್ನುವುದು ನನ್ನ ಖಚಿತ ಅಭಿಪ್ರಾಯ, ಮುಗಿದ ಮೇಲೆ ಯಾರ ಕಣ್ಣಿಗೂ ಬೀಳದಿದ್ದರೂ.

ಹಿಂಬದಿಯ ಕೊಳವೆ ಸುಲಭ. ಓಎಚ್‌ಪಿ ಹಾಳೆಯನ್ನು ಸುತ್ತಿ ಅಂಟಿಸಿದರೆ ಸಾಕು. ತುದಿಯ ಬಾಯಿಯನ್ನು ಫ್ಯಾನಿನ ಜಾಗದ ನೂರಕ್ಕೆ 85ರಿಂದ 90ರಷ್ಟಕ್ಕೆ ಕಿರಿದಾಗಿಸುವುದು ರೂಢಿ. ಇನ್ನೂ ಬಿಗಿ ಮಾಡಿದರೆ ಹೊರಬರುವ ಗಾಳಿಯ ವೇಗ ಹೆಚ್ಚುತ್ತದೆ, ನಿಂತಲ್ಲಿನ ತಳ್ಳು ತಗ್ಗುತ್ತದೆ. ಉಳಿದ ಮೈಯನ್ನು ಡೆಪ್ರಾನ್ ಫೋಮ್ ಹಾಳೆ, ಬಾಲ್ಸಾ ಮರದ ಚೌಕಟ್ಟು, ಒಂದೆರಡು ಕಾರ್ಬನ್ ಕಡ್ಡಿಗಳಿಂದ ಕಟ್ಟಬಹುದು. ದಪ್ಪ ವೈರು, ಕನೆಕ್ಟರುಗಳಿಗೆ ಬೆಂಗಳೂರಿನ ಎಸ್‌.ಪಿ. ರಸ್ತೆ ಇದ್ದೇ ಇದೆ.

ಕಟ್ಟಿದ್ದು ಸರಿಯಿದೆಯೇ ಎಂದು ಹೇಳುವುದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಮೂತಿ ಕೆಳಗಾಗಿ, ಗಾಳಿಬಾಯಿ ಮುಚ್ಚದ ಹಾಗೆ, ವಿಮಾನವನ್ನು ಚೌಕಟ್ಟಿನಲ್ಲಿ ನಿಲ್ಲಿಸಿ ತಕ್ಕಡಿಯ ಮೇಲಿಟ್ಟು ಫ್ಯಾನು ಓಡಿಸಿದರೆ ಹೆಚ್ಚಾಗುವ ತೂಕವೇ ತಳ್ಳುವ ಶಕ್ತಿ. ಮೊದಲು ಬರಿಯ ಫ್ಯಾನಿನದು ಅಳೆಯಬೇಕು, ಆಮೇಲೆ ಮೈಯೊಳಗೆ ಕೂರಿಸಿ ಅಳೆಯಬೇಕು. ಎರಡರ ನಡುವಿನ ಅಂತರ ಕೊಳವೆ ನುಂಗಿದ ಪಾಲು. ಅಂತರ ಹೆಚ್ಚಿದ್ದರೆ ಮಾರ್ಪಾಟು ಶುರು: ಅಂಚು ಇನ್ನಷ್ಟು ದುಂಡಗೆ ಮಾಡುವುದು, ಮೋಟಾರಿನ ಹಿಂದೆ ಚೂಪು ಶಂಕು ಜೋಡಿಸುವುದು, ಒಳಗೆ ಚಾಚಿದ ವೈರುಗಳನ್ನು ಗೋಡೆಗೆ ಒತ್ತಿಸುವುದು, ಕೊನೆಗೆ ಹೊಟ್ಟೆಯ ಕೆಳಗೆ ಫ್ಯಾನಿನ ಮುಂದೆ ಒಂದು ಹೆಚ್ಚುವರಿ ಕಿಂಡಿ ಕೊರೆಯುವುದು.

ಬೆಂಗಳೂರಿನಲ್ಲಿ ಅಳೆಯುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಈ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ನೂರಕ್ಕೆ ಎಂಟರಿಂದ ಹತ್ತರಷ್ಟು ತೆಳು. ಅಷ್ಟೇ ಸುತ್ತಿಗೆ ಫ್ಯಾನಿನ ತಳ್ಳು ಅಷ್ಟು ಕಡಿಮೆ, ರೆಕ್ಕೆ ಎತ್ತುವುದಕ್ಕೆ ಬೇಕಾದ ವೇಗವೂ ಸ್ವಲ್ಪ ಹೆಚ್ಚು. ಡಬ್ಬದ ಮೇಲೆ ಎರಡು ಕಿಲೋ ಎಂದು ಬರೆದದ್ದು ಇಲ್ಲಿ, ಕೊಳವೆಯ ಪಾಲೂ ಕಳೆದು, ಒಂದೂವರೆಗೆ ಇಳಿದರೆ ಬೇಸರಿಸಬೇಕಿಲ್ಲ. 1.6 ಕಿಲೋ ತೂಕದ ತೇಜಸ್ ಮಾದರಿಗೆ ಅಷ್ಟು ಸಾಕು.

ಸಾಲದು ಎನ್ನಿಸಿದವರು ಸೆಲ್ಲು ಹೆಚ್ಚಿಸಲು ಹೋಗುತ್ತಾರೆ. ಅಂಗಡಿಯಿಂದ ತಂದ ನಾಲ್ಕು ಸೆಲ್ಲಿನ ಫೋಮ್ ಜೆಟ್ಟಿಗೆ ಆರು ಸೆಲ್ಲು ಹಾಕುವುದು ಎಲ್ಲೆಡೆ ನಡೆಯುವ ಮಾರ್ಪಾಟು. ವೋಲ್ಟೇಜು ಒಂದೂವರೆ ಪಟ್ಟಾಗುತ್ತದೆ. ಸುತ್ತುಗಳೂ ಅಷ್ಟೇ ಏರಿದರೆ ತಳ್ಳು ಎರಡೂಕಾಲು ಪಟ್ಟು. ಆದರೆ ಬೇಕಾಗುವ ಶಕ್ತಿ ಸುತ್ತಿನ ಘನಕ್ಕೆ ತಕ್ಕಂತೆ ಏರುವುದರಿಂದ ಅದು 3.4 ಪಟ್ಟು. ಹಳೆಯ ಮೋಟಾರು, ಹಳೆಯ ಸ್ಪೀಡ್ ಕಂಟ್ರೋಲರ್ ಅದನ್ನು ತಾಳುವುದಿಲ್ಲ, ಪ್ಲಾಸ್ಟಿಕ್ ರೋಟರ್ ಸಿಡಿಯಲೂಬಹುದು. ಸೆಲ್ಲು ಏರಿಸುವವರು ಕಡಿಮೆ ಕೆ.ವಿ.ಯ (ಅಂದರೆ ವೋಲ್ಟಿಗೆ ಕಡಿಮೆ ಸುತ್ತು ತಿರುಗುವ) ಮೋಟಾರು, ಅದಕ್ಕೊಪ್ಪುವ ಫ್ಯಾನು, ಕಂಟ್ರೋಲರ್ ಮೂರನ್ನೂ ಒಟ್ಟಿಗೇ ಬದಲಿಸಬೇಕು. ಫ್ಯಾನು ಓಡುವಾಗ ಅದರ ಬ್ಲೇಡು ಸುತ್ತುವ ಸಾಲಿನಲ್ಲಿ ಯಾರೂ ನಿಲ್ಲಬಾರದು. ಲಿಪೋ ಚಾರ್ಜಾಗುತ್ತಿರುವಾಗ ಮನೆ ಬಿಟ್ಟು ಹೋಗಬಾರದು. ಮಣ್ಣಿನ ಕುಂಡದೊಳಗಿಟ್ಟು ಚಾರ್ಜು ಮಾಡುವುದು ಒಳ್ಳೆಯ ಅಭ್ಯಾಸ.

ತೇಜಸ್ಸಿನ ಮಾದರಿ ತನ್ನ ಮೂಲದಿಂದ ಬೇರೆಯಾಗುವ ಇನ್ನೊಂದು ಜಾಗ ಸಿ.ಜಿ. ನಿಜವಾದ ತೇಜಸ್ಸನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಿದ್ದಾರೆ. ಗಣಕದ ಎಡೆಬಿಡದ ತಿದ್ದುಪಡಿ ಇಲ್ಲದೆ ಅದು ಹಾರಲಾರದು. ಮಾದರಿಗೆ ಅಂಥ ಹಂಗು ಬೇಡ. ಭಾರವನ್ನು ಮುಂದಕ್ಕೆ ತಂದು, ರೆಕ್ಕೆಯ ಹಿಂದಂಚಿನಲ್ಲಿ ಅಲುಗುವ ಪಟ್ಟಿಗಳಾದ ಎಲಿವಾನ್‌ಗಳನ್ನು ಒಂದೆರಡು ಮಿಲಿಮೀಟರ್ ಮೇಲಕ್ಕೆ ಇಟ್ಟರೆ ಸ್ಥಿರವಾಗಿ ಸಾಗುತ್ತದೆ. ಫ್ಯಾನು ಹಿಂದಿರುವುದರಿಂದ ಬ್ಯಾಟರಿ ಮೂತಿಯವರೆಗೂ ಹೋಗಬೇಕು. ಆದರೆ ಅದರ ಹಿಂದೆಯೇ ಗಾಳಿಯ ಕವಲುಗಳೂ ಹಾಯಬೇಕಲ್ಲ! ಬ್ಯಾಟರಿಗೂ ಕೊಳವೆಗೂ ನಡೆಯುವ ಈ ಜಾಗದ ಜಗಳವನ್ನು ನಕ್ಷೆಯ ಮೇಲೇ ಬಗೆಹರಿಸಿಕೊಳ್ಳಬೇಕು.

ಹಾರಿಸುವುದೆಲ್ಲಿ? 2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳು, ಕಲಿಕೆಗೋ ಹವ್ಯಾಸಕ್ಕೋ ಕಣ್ಣಳತೆಯಲ್ಲೇ ಹಾರುವ 25 ಕಿಲೋವರೆಗಿನ ಮಾದರಿಗಳನ್ನು ಹೆಸರಿಸಿಯೇ ಪ್ರಸ್ತಾಪಿಸುತ್ತವೆ. ಸರ್ಕಾರದ ಡಿಜಿಟಲ್ ಸ್ಕೈ ವಾಯುಪ್ರದೇಶ ನಕ್ಷೆಯಲ್ಲಿ ಜಾಗ ಹಸಿರೋ ಹಳದಿಯೋ ಕೆಂಪೋ ನೋಡಿಯೇ ಹೊರಡಬೇಕು. ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ ಎಂದು ಸುತ್ತಲೂ ವಿಮಾನ ನಿಲ್ದಾಣಗಳಿರುವ ಊರಿನಲ್ಲಿ ಮನೆಯ ಹಿಂದಿನ ಮೈದಾನ ಆಗುವುದಿಲ್ಲ. ಮೊದಲ ವಿಮಾನವಾಗಿ ಜೆಟ್ ಕಟ್ಟುವುದೂ ಬೇಡ. ಪ್ರೊಪೆಲ್ಲರಿನ ಟ್ರೈನರ್ ಮಾದರಿಯಲ್ಲಿ ಕೈ ಪಳಗಿಸಿಕೊಂಡೇ ಇತ್ತ ಬರಬೇಕು.

ಕಾರಣ, ಪ್ರೊಪೆಲ್ಲರಿನ ಗಾಳಿ ರೆಕ್ಕೆಯ ಮೇಲೆ ಬೀಸಿ ನಿಧಾನದಲ್ಲೂ ಹಿಡಿತ ಕೊಡುತ್ತದೆ, ಫ್ಯಾನಿನ ಗಾಳಿ ನೇರ ಹಿಂದಕ್ಕೆ ಹೋಗುತ್ತದೆ. ವೇಗ ಬರುವ ತನಕ ಎಲಿವಾನ್ ಮಾತು ಕೇಳುವುದಿಲ್ಲ. ಅದಕ್ಕೇ ನೆಲಕ್ಕೆ ಗೂಟ ಹೊಡೆದು, ರಬ್ಬರ್ ಹಗ್ಗ ಎಳೆದು, ಕವಣೆಯಿಂದೆಂಬಂತೆ ಬಿಡುವ ಬಂಜೀ ಪದ್ಧತಿ. ಇಳಿಸುವಾಗಲೂ ಫ್ಯಾನು ಪೂರ್ತಿ ಆರಿಸಬಾರದು, ಏಕೆಂದರೆ ಮತ್ತೆ ವೇಗ ಹಿಡಿಯಲು ಅದಕ್ಕೆ ಒಂದು ಗಳಿಗೆ ಬೇಕು. ಮೂತಿ ಎತ್ತಿ, ಅರೆಶಕ್ತಿಯಲ್ಲಿ, ತ್ರಿಕೋನ ರೆಕ್ಕೆಯ ಮೇಲೆ ಒರಗಿದ ಹಾಗೆ ಬಂದರೆ ಹುಲ್ಲಿನ ಮೇಲೆ ಮೆತ್ತಗೆ ಕೂರುತ್ತದೆ. ಇಳಿದ ಮೇಲೆ ಬ್ಯಾಟರಿಯ ಬಿಸಿ ಮುಟ್ಟಿ ನೋಡಿ, ಹರಳು ಬಡಿದು ಬ್ಲೇಡು ಚಕ್ಕೆ ಎದ್ದಿದೆಯೇ ಎಂದು ಬೆರಳಾಡಿಸಿ, ಎಲಿವಾನಿನ ಟ್ರಿಮ್ ಎಷ್ಟಾಗಿದೆ ಎಂದು ಸ್ಕೇಲಿನಲ್ಲಿ ಅಳೆದು ಬರೆದಿಟ್ಟುಕೊಳ್ಳಬೇಕು. ಅಷ್ಟು ಹೊತ್ತಿಗೆ ಹೊಟ್ಟೆಯ ಕೆಳಗೆ ಕೊರೆದ ಕಿಂಡಿಯ ಬಗ್ಗೆ ಅನುಮಾನ ಶುರುವಾಗಿರುತ್ತದೆ. ನಿಂತಲ್ಲಿ ಅದು ಗಾಳಿ ಒಳಗೆ ತರುತ್ತದೆ ಎಂದು ತಕ್ಕಡಿ ಹೇಳಿತ್ತು. ವೇಗ ಬಂದ ಮೇಲೆ ಅದೇ ಕಿಂಡಿಯಿಂದ ಗಾಳಿ ಹೊರಗೆ ಸೋರುತ್ತಿರಬಹುದು. ಅರ್ಧಕ್ಕೆ ಟೇಪು ಹಚ್ಚಿ, ಎರಡನೇ ಬ್ಯಾಟರಿ ಹಾಕಿ, ಮತ್ತೊಮ್ಮೆ ಹಾರಿಸಿ ನೋಡಬೇಕು.